ಗೌರಿಗೆ ಬಂದಿದ್ದು ಬರೀ ಜ್ವರ ಆಗಿರಲಿಲ್ಲ

ರಾತ್ರಿ ಹತ್ತೂವರೆಗೆ ಅಮ್ಮನ ಫೋನ್ ಬಂದರೆ ಎದೆ ಧಸಕ್ ಅನ್ನುತ್ತೆ. ಊರಲ್ಲಿ ಅಪ್ಪ ಅಮ್ಮನ್ನ ಬಿಟ್ಟು ಬೆಂಗಳೂರಲ್ಲಿ ಕೆಲಸ ಮಾಡೋರಿಗೆಲ್ಲ ಇದು ಗೊತ್ತಿರೋದೇ. ಕಳೆದ ಬೇಸಿಗೆಯ ಅಂಥದ್ದೊಂದು ಫೋನಿನಲ್ಲಿ ಅಮ್ಮ ಹೇಳಿದ್ದು ಇಷ್ಟೇ: "ಮಗಾ, ಗೌರಿ ಮೇವು ಮುಟ್ತಿಲ್ಲ ಕಣೋ. ಮೈ ಕೆಂಡ ಆಗೈತೆ."

ಗೌರಿ ಅಂದರೆ ಮದ್ದೂರಿನ ಹತ್ತಿರದ ನಮ್ಮ ಮನೆಯ ಸೀಮೆ ಹಸು. ದಿನಕ್ಕೆ ಹದಿನಾಲ್ಕು ಲೀಟರ್ ಕೊಡುತ್ತಿದ್ದವಳು ಅವತ್ತು ಮೂರು ಲೀಟರಿಗೆ ಇಳಿದಿದ್ದಳು. ತಂಗಿಯ ಕಾಲೇಜು ಫೀಸು ಡೈರಿ ಬಟವಾಡೆಯಿಂದಲೇ ಹೋಗೋದು. ಆದರೆ ಅಮ್ಮನ ದನಿಯಲ್ಲಿದ್ದ ಭಯಕ್ಕೆ ಕಾರಣ ದುಡ್ಡಲ್ಲ. ಎರಡು ವರ್ಷದ ಹಿಂದೆ ಲಕ್ಷ್ಮಿ ಹೀಗೇ ಮಲಗಿದ್ದಳು. ಮೂರು ದಿನ ಜ್ವರದ ಇಂಜೆಕ್ಷನ್ ಹಾಕಿಸಿದ್ದೇ ಹಾಕಿಸಿದ್ದು. ರಕ್ತ ಪರೀಕ್ಷೆ ಮಾಡಿಸಬೇಕು ಅಂತ ನಮಗ್ಯಾರಿಗೂ ಹೊಳೆಯಲಿಲ್ಲ. ನಾಲ್ಕನೇ ದಿನ ಕೊಟ್ಟಿಗೆ ಖಾಲಿ.

ಈ ಸಲ ಬೆಳಿಗ್ಗೆಯೇ ಪಶುವೈದ್ಯರನ್ನ ಕರೆಸಿದೆವು. ಅವರು ಥರ್ಮಾಮೀಟರ್ ಇಡುವ ಮೊದಲೇ ಗೌರಿಯ ಹೆಗಲ ಮುಂದೆ ಕೈಯಾಡಿಸಿದರು. ಅಲ್ಲಿ ನಿಂಬೆಹಣ್ಣಿಗಿಂತ ದೊಡ್ಡ ಗಡ್ಡೆ. ಕಣ್ಣಿನ ರೆಪ್ಪೆ ಒಳಗೆ ಬಿಳಚಿಕೊಂಡಿತ್ತು. ಕಿವಿ ತುದಿಯಿಂದ ಒಂದು ಹನಿ ರಕ್ತ, ಗಡ್ಡೆಯಿಂದ ಸೂಜಿಯಲ್ಲಿ ಎಳೆದ ಒಂದಿಷ್ಟು ದ್ರವ ಗಾಜಿನ ಮೇಲೆ ಸವರಿಕೊಂಡು ಹೋದರು. ಮಧ್ಯಾಹ್ನ ಫೋನ್ ಮಾಡಿ, "ಥೈಲೇರಿಯಾ ಕಣಪ್ಪ. ಮಲೇರಿಯಾದ ದೂರದ ನೆಂಟ. ಉಣ್ಣೆಯಿಂದ ಬರೋದು," ಅಂದರು.

ಉಣ್ಣೆ ಅಂದರೆ ಸ್ವೆಟರಿನ ಉಣ್ಣೆ ಅಲ್ಲ, ಮಲೆನಾಡಿನ ಕಡೆಯವರು ಉಣುಗು ಅಂತಾರಲ್ಲ, ಅದು. ಈ ಪುಟ್ಟ ಹುಳ ರೋಗ ಹರಡುತ್ತೆ ಅಂತ ಗೊತ್ತಾಗಿದ್ದು ಸೊಳ್ಳೆಯ ವಿಷಯ ಗೊತ್ತಾಗೋಕೆ ಮೊದಲೇ. ರೋನಾಲ್ಡ್ ರಾಸ್ ಸಿಕಂದರಾಬಾದಿನಲ್ಲಿ ಸೊಳ್ಳೆಯ ಹೊಟ್ಟೆಯೊಳಗೆ ಮಲೇರಿಯಾ ಪರಾವಲಂಬಿಯನ್ನ ನೋಡಿದ್ದು 1897ರಲ್ಲಿ. ಅದಕ್ಕೆ ನಾಲ್ಕು ವರ್ಷ ಮೊದಲೇ, 1893ರಲ್ಲಿ, ಅಮೆರಿಕದಲ್ಲಿ ಥಿಯೊಬಾಲ್ಡ್ ಸ್ಮಿತ್ ಮತ್ತು ಕಿಲ್ಬೋರ್ನ್ ದನಗಳ 'ಟೆಕ್ಸಾಸ್ ಜ್ವರ' ಉಣ್ಣೆಯಿಂದ ಬರುತ್ತೆ ಅಂತ ತೋರಿಸಿದ್ದರು. ಆ ಜ್ವರ ತರುವ ಜೀವಿಯ ಹೆಸರು ಬೆಬೇಸಿಯಾ. ಥೈಲೇರಿಯಾದ ಹತ್ತಿರದ ದಾಯಾದಿ.

ನಾನು ಓದಿದ್ದು ಬಯೊಟೆಕ್, ಈಗ ಮಾಡ್ತಿರೋದು ಡೇಟಾ ಕೆಲಸ. ಹಳೇ ಪುಸ್ತಕದ ಧೂಳು ಕೊಡವಿ ಆ ರಾತ್ರಿ ಓದುತ್ತಾ ಕೂತೆ. ಎದುರುಮನೆ ಚಿಕ್ಕಪ್ಪನ ಹಸು ಹೋದ ವರ್ಷ ಕಾಫಿ ಬಣ್ಣದ ಗಂಜಲ ಹುಯ್ದಿತ್ತು, ಅದು ಬೆಬೇಸಿಯಾ. ನಮ್ಮ ಗೌರಿಗೆ ಹೆಗಲ ಗಡ್ಡೆ, ಇದು ಥೈಲೇರಿಯಾ. ಎರಡೂ ಉಣ್ಣೆಯಿಂದ ಬರೋದು, ಎರಡರಲ್ಲೂ ಜ್ವರ, ರಕ್ತಹೀನತೆ. ಆದರೂ ಇವು ಮೈಯೊಳಗೆ ಬದುಕೋ ರೀತಿ ಬೇರೆ ಬೇರೆ. ಯಾಕೆ? ಉತ್ತರ ಇರೋದು ಇವುಗಳ ಪ್ರೊಟೀನ್ ಮನೆತನಗಳಲ್ಲಿ.

ಮನೆತನ ಅನ್ನೋ ಮಾತು ಸುಮ್ಮನೆ ಹೇಳಿದ್ದಲ್ಲ. ಹಳೆಯ ಒಂದು ಜೀನ್ ನಕಲಾಗುತ್ತೆ, ನಕಲು ಮತ್ತೆ ನಕಲಾಗುತ್ತೆ, ತಲೆಮಾರು ಕಳೆದಂತೆ ಒಂದೊಂದೂ ಚೂರುಚೂರು ಬದಲಾಗುತ್ತೆ. ಕೊನೆಗೆ ಮುಖಚಹರೆ ಒಂದೇ, ಸ್ವಭಾವ ಬೇರೆ ಬೇರೆ ಇರೋ ದೊಡ್ಡ ಸಂಸಾರ.

ಬೆಬೇಸಿಯಾ ಕುಲದಲ್ಲಿ ವಿಜ್ಞಾನಿಗಳು ಚೆನ್ನಾಗಿ ಅಧ್ಯಯನ ಮಾಡಿರುವುದು 'ಬೋವಿಸ್' ಎಂಬ ಪ್ರಭೇದವನ್ನ. 2007ರಲ್ಲಿ ಅದರ ಪೂರ್ತಿ ಜೀನೋಮ್ ಪ್ರಕಟವಾದಾಗ ಎದ್ದು ಕಂಡದ್ದು 'ವೆಸ್' ಎಂಬ ಜೀನ್ ಮನೆತನ. ಸುಮಾರು 150 ಸದಸ್ಯರು. ಮಲೇರಿಯಾದಲ್ಲಿ ಇಂಥದ್ದೇ ಕೆಲಸ ಮಾಡುವ 'ವಾರ್' ಮನೆತನದಲ್ಲಿ ಇರೋದು ಅರವತ್ತರ ಆಸುಪಾಸು. ಪರಾವಲಂಬಿ ಕೆಂಪು ರಕ್ತಕಣದೊಳಗೆ ಕೂತು ಈ ಮನೆತನದ ಪ್ರೊಟೀನನ್ನ ತಯಾರಿಸಿ ಕಣದ ಹೊರಮೈಗೆ ಕಳಿಸುತ್ತೆ. ಅದು ಅಂಟಿನ ಹಾಗೆ ಕೆಲಸ ಮಾಡಿ ರಕ್ತಕಣವನ್ನ ಸಣ್ಣ ರಕ್ತನಾಳದ ಗೋಡೆಗೆ ಹಿಡಿಸುತ್ತೆ. ಹಾಗೆ ಅಂಟಿಕೊಂಡ ಕಣ ಗುಲ್ಮದ ಕಡೆ ಹೋಗಿ ನಾಶವಾಗೋದು ತಪ್ಪುತ್ತೆ. ಮಿದುಳಿನ ನಾಳಗಳಲ್ಲಿ ಹೀಗೆ ಅಂಟಿಕೊಂಡಾಗ ಹಸು ತೂರಾಡುತ್ತೆ, ಕೆಲವೊಮ್ಮೆ ಅಲ್ಲೇ ಬೀಳುತ್ತೆ.

ಹೊರಗೆ ಕಂಡದ್ದನ್ನ ಹಸುವಿನ ರೋಗನಿರೋಧಕ ಶಕ್ತಿ ಗುರುತು ಹಿಡಿಯುತ್ತಲ್ಲ? ಹಿಡಿಯುತ್ತೆ. ಅದು ಹಿಡಿಯೋ ಹೊತ್ತಿಗೆ ಪರಾವಲಂಬಿಗಳಲ್ಲಿ ಕೆಲವು ಅಂಗಿ ಬದಲಿಸಿರುತ್ತವೆ. ಬೇರೆ ಬೇರೆ ವೆಸ್ ಜೀನ್‌ಗಳಿಂದ ತುಂಡುಗಳನ್ನ ಎರವಲು ತಂದು ಹೊಸ ಪ್ರೊಟೀನ್ ಹೊಲಿದುಕೊಳ್ಳುತ್ತವೆ. 150 ಸೀರೆ ಇರೋ ಬೀರುವಿನಿಂದ ಸೆರಗು ಒಂದರದ್ದು, ಅಂಚು ಇನ್ನೊಂದರದ್ದು ಜೋಡಿಸಿದ ಹಾಗೆ. ಸೋಂಕು ತಿಂಗಳುಗಟ್ಟಲೆ ಮೈಯಲ್ಲೇ ಉಳಿಯೋಕೆ ಇದೊಂದು ದೊಡ್ಡ ಕಾರಣ.

ಥೈಲೇರಿಯಾದ ದಾರಿಯೇ ಬೇರೆ. ನನಗೆ ನಿದ್ದೆ ಕೆಡಿಸಿದ್ದು ಇದು. ಅದು ಮೊದಲು ಹೋಗಿ ಸೇರೋದು ರೋಗದ ಜೊತೆ ಹೋರಾಡಬೇಕಾದ ಬಿಳಿ ರಕ್ತಕಣದೊಳಗೇ. ಸೇರಿದ ಮೇಲೆ ಆ ಕಣಕ್ಕೆ ಕ್ಯಾನ್ಸರ್ ಕಣದ ಹುಚ್ಚು ಹಿಡಿಯುತ್ತೆ, ನಿಲ್ಲದೆ ಒಡೆದು ಒಡೆದು ಎರಡಾಗುತ್ತಾ ಹೋಗುತ್ತೆ. ಕಣ ವಿಭಜನೆ ಆಗುವಾಗ ವರ್ಣತಂತುಗಳನ್ನ ಎರಡು ಕಡೆಗೆ ಎಳೆಯುವ ದಾರಗಳಿರುತ್ತವಲ್ಲ, ಪರಾವಲಂಬಿ ಆ ದಾರಗಳನ್ನೇ ಹಿಡಿದು ತಾನೂ ಇಬ್ಭಾಗವಾಗುತ್ತೆ. ಎರಡೂ ಮರಿ ಕಣಗಳಿಗೆ ಬಾಡಿಗೆದಾರ ಗ್ಯಾರಂಟಿ! ಗೌರಿಯ ಹೆಗಲ ಗಡ್ಡೆ ಅಂದರೆ ಇಂಥ ಕಣಗಳು ತುಂಬಿ ಊದಿದ ದುಗ್ಧರಸ ಗ್ರಂಥಿ.

ಇದರ ಜೀನೋಮ್ ಬಂದಿದ್ದು 2005ರಲ್ಲಿ, ಸುಮಾರು 3,800 ಜೀನ್‌ಗಳು. ಅದರಲ್ಲಿ 'ಟ್ಯಾಶ್‌ಎಟಿ' ಅನ್ನೋ ಒಂದು ಮನೆತನದ ಕೆಲವು ಪ್ರೊಟೀನ್‌ಗಳು ಪರಾವಲಂಬಿಯಿಂದ ಹೊರಟು ಹಸುವಿನ ಕಣದ ಕೇಂದ್ರಕ್ಕೇ ನುಗ್ಗುತ್ತವೆ. ಡಿಎನ್‌ಎ ಹಿಡಿಯಬಲ್ಲ ಕೊಕ್ಕೆಗಳು ಅವುಗಳಲ್ಲಿವೆ. ವರ್ಣತಂತುಗಳ ತುದಿಯಲ್ಲಿ ಹತ್ತಾರು ಸದಸ್ಯರ ಇನ್ನೊಂದು ಮನೆತನವೂ ಇದೆ, ಹೊರಗೆ ಸ್ರವಿಸುವ, ಒಂದರಂತೆ ಒಂದಿಲ್ಲದ ಪ್ರೊಟೀನ್‌ಗಳದ್ದು. 2015ರಲ್ಲಿ ಒಂದು ಸಂಶೋಧನಾ ತಂಡ 'ಪಿನ್1' ಎಂಬ ಪ್ರೊಟೀನನ್ನ ಗುರುತಿಸಿತು. ಇದು ದನದಲ್ಲೂ ಮನುಷ್ಯರಲ್ಲೂ ಇರುವ ಪಿನ್1ನ ನೆಂಟ. ಪರಾವಲಂಬಿ ಕಳಿಸಿದ ಪಿನ್1 ಹಸುವಿನ ಕಣದಲ್ಲಿ 'ಬೆಳೆ, ಬೆಳೆ' ಅನ್ನೋ ಸಂಕೇತ ಆರದ ಹಾಗೆ ನೋಡಿಕೊಳ್ಳುತ್ತೆ. ಅಂದರೆ ಮನೆಯವರ ದನಿಯನ್ನೇ ಅನುಕರಿಸಿ ಬಾಗಿಲು ತೆಗೆಸಿದ ಕಳ್ಳ.

ವಿಚಿತ್ರ ಏನಂದ್ರೆ, ಪರಾವಲಂಬಿಯನ್ನ ಕೊಂದರೆ ಈ 'ಕ್ಯಾನ್ಸರ್' ಹಿಂದಕ್ಕೆ ಹೋಗುತ್ತೆ. ಕಣ ಒಡೆಯೋದನ್ನ ನಿಲ್ಲಿಸುತ್ತೆ.

ಗೌರಿಗೆ ಕೊಟ್ಟ ಬುಪರ್ವಾಕ್ವೋನ್ ಇಂಜೆಕ್ಷನ್ ಮಾಡಿದ್ದು ಇದನ್ನೇ. ಒಂದು ಡೋಸ್, ಎರಡು ದಿನ ಬಿಟ್ಟು ಇನ್ನೊಂದು. ದುಬಾರಿ ಔಷಧಿ. ಎರಡನೇದು ಬೇಡ ಅಂತ ಅಪ್ಪ ಗೊಣಗಿದರು. ನಾನು ಜಗಳ ಮಾಡಿದೆ. ಈ ಔಷಧಿಗೆ ಬಗ್ಗದ ಥೈಲೇರಿಯಾ ಈಗಾಗಲೇ ಟುನೀಶಿಯಾ, ಇರಾನ್, ಸೂಡಾನ್‌ಗಳಲ್ಲಿ ಕಂಡುಬಂದಿದೆ. ಒಂದೇ ಒಂದು ಪ್ರೊಟೀನಿನಲ್ಲಿ ಒಂದೆರಡು ಕಡೆ ಬದಲಾದರೂ ಸಾಕು. ಅರ್ಧಂಬರ್ಧ ಡೋಸ್ ಕೊಟ್ಟು ಅಂಥವಕ್ಕೆ ನಾವೇ ದಾರಿ ಮಾಡಿಕೊಡೋದು ಯಾಕೆ?

ಐದನೇ ದಿನ ಗೌರಿ ಹಿಂಡಿ ನೆಕ್ಕಿದಳು. ತಿಂಗಳ ಮೇಲೆ ಹಾಲು ಹತ್ತು ಲೀಟರಿಗೆ ಬಂತು. ಹಳೇ ಹದಿನಾಲ್ಕು ಮಾತ್ರ ಮತ್ತೆ ಬರಲಿಲ್ಲ.

ಖುಷಿಯಿಂದ ಅಮ್ಮ ಡಾಕ್ಟರಿಗೆ ಹೋಳಿಗೆ ಕಟ್ಟಿಕೊಟ್ಟರೆ, ಅವರು ಬಾಂಬ್ ಹಾಕಿದರು. "ನೋಡವ್ವ, ಹುಷಾರಾದ ಹಸು ರಕ್ತದಲ್ಲಿ ಇನ್ನೂ ಒಂದಿಷ್ಟು ಉಳ್ಕೊಂಡಿರ್ತವೆ. ಇವಳನ್ನ ಕಚ್ಚಿದ ಉಣ್ಣೆ ನಾಳೆ ಪಕ್ಕದ ಮನೆ ಕರೂನ ಕಚ್ಚುತ್ತೆ." ನಾಟಿ ದನಗಳು ಬಹುಪಾಲು ತಾಳಿಕೊಳ್ಳುತ್ತವೆ, ಸೀಮೆ ಹಸು, ಅದರ ಕರು ತಾಳೋಲ್ಲ. ಈ ಜಾತಿ ಉಣ್ಣೆ ಕೊಟ್ಟಿಗೆ ಗೋಡೆಯ ಬಿರುಕಿನಲ್ಲೇ ಅಡಗಿರುತ್ತೆ, ಹಸುವಿನ ಮೈಗೆ ಮಾತ್ರ ಔಷಧಿ ಹೊಡೆದರೆ ಸಾಲದು. ಅಪ್ಪ ಆ ವಾರವೇ ಸಿಮೆಂಟ್ ತಂದು ಬಿರುಕು ಮುಚ್ಚಿದರು.

ಕರುಗಳಿಗೆ ಲಸಿಕೆ ಇದೆ, ನಮ್ಮ ದೇಶದಲ್ಲೇ ತಯಾರಾಗುತ್ತೆ, ರಕ್ಷಾವ್ಯಾಕ್-ಟಿ ಅಂತ. ಪರಾವಲಂಬಿ ಇರೋ ಬಿಳಿ ಕಣಗಳನ್ನ ಲ್ಯಾಬಿನಲ್ಲಿ ಬಹಳ ಕಾಲ ಬೆಳೆಸಿ, ಅದರ ಕೆಡುಕು ಕುಂದಿಸಿ ಮಾಡಿರೋದು. ಜೀವಂತ ಲಸಿಕೆ, ಆದ್ದರಿಂದ ದ್ರವ ಸಾರಜನಕದಲ್ಲೇ ಸಾಗಿಸಬೇಕು, ಕರಗಿಸಿದ ಮೇಲೆ ಇಟ್ಟುಕೊಳ್ಳೋ ಹಾಗಿಲ್ಲ. ಒಂದು ಕರುವಿಗೆ ಅಂತ ತರಿಸೋದು ಕಷ್ಟ.

ಅದಕ್ಕೇ ಅಮ್ಮ ಈಗ ಡೈರಿಗೆ ಹಾಲು ಹಾಕೋಕೆ ಹೋದಾಗ ಒಂದು ನೋಟ್‌ಬುಕ್ ಹಿಡಿದುಕೊಂಡು ಹೋಗ್ತಾರೆ. ಯಾರ ಮನೆಯಲ್ಲಿ ಎರಡು ತಿಂಗಳು ದಾಟಿದ ಕರು ಇದೆ ಅಂತ ಪಟ್ಟಿ. ನಿನ್ನೆ ರಾತ್ರಿ ಹತ್ತೂವರೆಗೆ ಫೋನ್ ಬಂತು, ಎದೆ ಮತ್ತೆ ಧಸಕ್ ಅಂತು.

"ಹನ್ನೊಂದು ಕರು ಆಯ್ತು ಕಣೋ. ಚಿಕ್ಕಪ್ಪ ಇನ್ನೂ ಯೋಚ್ನೆ ಮಾಡ್ತೀನಿ ಅಂತಾವ್ನೆ. ನೀನೇ ಒಂದ್ ಮಾತು ಹೇಳು."