ಸಹಾಯಧನ ಯಾರ ಕೈ ಸೇರುತ್ತದೆ?

1956ರವರೆಗೆ ಕೊಳ್ಳೇಗಾಲ ತಾಲ್ಲೂಕು ಕೊಯಮತ್ತೂರು ಜಿಲ್ಲೆಗೇ ಸೇರಿತ್ತು. ಹಾಗಾಗಿ ಅಲ್ಲಿನ ರೈತರ ಕಥೆ ನಮಗೆ ಹೊರಗಿನದಲ್ಲ. 2025ರ ನವೆಂಬರ್ 19ರಂದು ಪ್ರಧಾನಿಯವರು ಅದೇ ಕೊಯಮತ್ತೂರಿನಿಂದ ಕಿಸಾನ್ ಸಮ್ಮಾನ್ ಯೋಜನೆಯ 21ನೇ ಕಂತನ್ನು ಬಿಡುಗಡೆ ಮಾಡಿದರು. ದೇಶದ ಸುಮಾರು 9 ಕೋಟಿ ರೈತರ ಖಾತೆಗೆ ತಲಾ 2,000 ರೂಪಾಯಿ. ಒಂದು ಮೂಟೆ ಡಿ.ಎ.ಪಿ. ಗೊಬ್ಬರಕ್ಕೂ ಒಂದೆರಡು ಆಳಿನ ಕೂಲಿಗೂ ಆಗುವಷ್ಟು ಹಣ. ಅದು ಯಾರಿಗೆ ಸಿಗುತ್ತದೆ, ಯಾರಿಗೆ ತಪ್ಪುತ್ತದೆ ಎಂಬುದನ್ನು ನಾವು ತಿಳಿದಿರಬೇಕು.

ಆ ಸೀಮೆಯ ರೈತರಿಗೆ ಸರ್ಕಾರದ ನೆರವು ಸುಲಭವಾಗಿ ದಕ್ಕಿದ್ದಲ್ಲ. 1970ರ ಜೂನ್ 19ರಂದು, ಈಗ ತಿರುಪ್ಪೂರು ಜಿಲ್ಲೆಯಲ್ಲಿರುವ ಪೆರುಮಾನಲ್ಲೂರಿನಲ್ಲಿ, ಪಂಪ್‌ಸೆಟ್ ವಿದ್ಯುತ್ ದರ ಏರಿಕೆಯನ್ನು ವಿರೋಧಿಸಿದ ಮೂವರು ರೈತರು ಪೊಲೀಸರ ಗುಂಡಿಗೆ ಬಲಿಯಾದರು. 1972ರಲ್ಲಿ ನಾರಾಯಣಸ್ವಾಮಿ ನಾಯ್ಡು ಅವರ ಮುಂದಾಳತ್ವದಲ್ಲಿ ರೈತರು ಎತ್ತಿನ ಗಾಡಿಗಳನ್ನು ತಂದು ಕೊಯಮತ್ತೂರು ನಗರದ ಬೀದಿಗಳಲ್ಲಿ ನಿಲ್ಲಿಸಿದರು. ಮೊದಲು ಸಣ್ಣ ರೈತರಿಗೆ, 1990ರ ಹೊತ್ತಿಗೆ ಎಲ್ಲ ರೈತರಿಗೆ ಉಚಿತ ವಿದ್ಯುತ್ ದೊರೆಯಿತು. ಆದರೆ ಬಾವಿ ಇದ್ದವನಿಗೆ ಮಾತ್ರ ಅದರ ಲಾಭ. ಕಾಂಗೇಯದ ಕಡೆ ಮಳೆಯನ್ನೇ ನಂಬಿದ ಒಣಭೂಮಿಯವನಿಗೆ ಅದರಿಂದ ಬಂದದ್ದೇನು?

ಕಿಸಾನ್ ಸಮ್ಮಾನ್ ಹಣ ಬಾವಿ ಕೇಳುವುದಿಲ್ಲ, ದಾಖಲೆ ಕೇಳುತ್ತದೆ. 2019ರ ಫೆಬ್ರವರಿಯಲ್ಲಿ ಯೋಜನೆ ಆರಂಭವಾದಾಗ ಅದು 2 ಹೆಕ್ಟೇರ್, ಅಂದರೆ ಸುಮಾರು 5 ಎಕರೆವರೆಗಿನವರಿಗೆ ಮಾತ್ರ ಇತ್ತು. ಅದೇ ವರ್ಷ ಆ ಮಿತಿಯನ್ನು ತೆಗೆಯಲಾಯಿತು. ಗಂಡ, ಹೆಂಡತಿ, ಅಪ್ರಾಪ್ತ ಮಕ್ಕಳು ಸೇರಿ ಒಂದು ಕುಟುಂಬ. ಒಂದು ಕುಟುಂಬಕ್ಕೆ ವರ್ಷಕ್ಕೆ 6,000 ರೂಪಾಯಿ, ಮೂರು ಕಂತುಗಳಲ್ಲಿ. ಆದಾಯ ತೆರಿಗೆ ಕಟ್ಟುವವರು, ಸರ್ಕಾರಿ ನೌಕರರು (ಕೊನೆಯ ದರ್ಜೆಯವರನ್ನು ಬಿಟ್ಟು), ವೃತ್ತಿನಿರತ ವೈದ್ಯರು, ವಕೀಲರು, ಇಂಜಿನಿಯರರು ಅರ್ಹರಲ್ಲ. ಸಂಸ್ಥೆಗಳ ಹೆಸರಿನ ಜಮೀನಿಗೂ ಇದು ಇಲ್ಲ.

ಗುತ್ತಿಗೆಗೆ ಉಳುವವನ ಹೆಸರು ಪಹಣಿಯ ಮಾಲೀಕರ ಕಲಮಿನಲ್ಲಿ ಇರುವುದಿಲ್ಲ. ಬಿಸಿಲಲ್ಲಿ ಬೆವರು ಸುರಿಸುವವನು ಅವನೇ, ಆದರೂ ಹಣ ಅವನಿಗಿಲ್ಲ. ಗಂಡನನ್ನು ಕಳೆದುಕೊಂಡು ಹೊಲವನ್ನು ಒಬ್ಬಳೇ ನಡೆಸುವ ತಾಯಿಯ ಪಾಡೂ ಇದೇ. ಜಮೀನು ಇನ್ನೂ ತೀರಿಹೋದ ಮಾವನ ಹೆಸರಿನಲ್ಲಿರುತ್ತದೆ.

ಇತ್ತ, ಅರ್ಹರಲ್ಲದವರಿಗೆ ಹಣ ಹೋದದ್ದೂ ಉಂಟು. 2020ರಲ್ಲಿ ತಮಿಳುನಾಡಿನಲ್ಲಿ ಸುಮಾರು 5.5 ಲಕ್ಷ ಅನರ್ಹರು ಪಟ್ಟಿಗೆ ಸೇರಿ, ಸುಮಾರು 110 ಕೋಟಿ ರೂಪಾಯಿ ಪಾವತಿಯಾಗಿದ್ದುದು ಬೆಳಕಿಗೆ ಬಂತು. ಇಲಾಖೆಯ ಗುಪ್ತಪದಗಳು ದುರುಪಯೋಗವಾಗಿದ್ದವು. ಹಣವನ್ನು ವಾಪಸು ವಸೂಲು ಮಾಡಲಾಯಿತು. ದಲ್ಲಾಳಿಯ ಮಾತು ನಂಬಿ ಆಧಾರ್, ಪಾಸ್‌ಬುಕ್ ಕೊಟ್ಟ ಬಡವರೂ ತಲೆ ತಗ್ಗಿಸಬೇಕಾಯಿತು.

ಆದ್ದರಿಂದ ನಾವು ಮಾಡಬೇಕಾದದ್ದು ಇಷ್ಟು:

1. ಹಿರಿಯರು ತೀರಿಕೊಂಡಿದ್ದರೆ ಪೌತಿ ಖಾತೆಗೆ ಅರ್ಜಿ ಹಾಕಿ. 1-2-2019ರ ನಂತರ ಜಮೀನು ಹೆಸರಿಗೆ ಬಂದವರಿಗೆ ನಿಯಮ ಬಿಗಿ. ಆದರೆ ಮಾಲೀಕರ ಮರಣದಿಂದ ವಾರಸುದಾರರಿಗೆ ಬಂದದ್ದಕ್ಕೆ ವಿನಾಯಿತಿ ಇದೆ. ವಿಧವೆಯ ಹೆಸರನ್ನು ಮರೆಯಬೇಡಿ.

2. ಆಧಾರ್ ಅನ್ನು ಬ್ಯಾಂಕ್ ಖಾತೆಗೆ ಜೋಡಿಸಿ, ಇ-ಕೆವೈಸಿ ಮುಗಿಸಿ. ಕರ್ನಾಟಕದಲ್ಲಿ ರೈತರ ಎಫ್‌ಐಡಿ ಸಂಖ್ಯೆಯೂ ಇರಲಿ. ಕಂತು ನಿಂತಿದ್ದರೆ ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಿ.

3. ಫೋನಿಗೆ ಬಂದ ಒಟಿಪಿಯನ್ನು ಯಾರಿಗೂ ಹೇಳಬೇಡಿ.

4. ಅರ್ಹತೆ ಇಲ್ಲದಿದ್ದರೆ ಹಣ ಪಡೆಯಬೇಡಿ.

ನಮ್ಮಲ್ಲಿ ಓದುಬರಹ ಬಲ್ಲ ಯುವಜನರು ಒಂದು ಭಾನುವಾರ, ಪೂಜೆ ಮುಗಿದ ಮೇಲೆ, ನೆರೆಮನೆಯ ಅಜ್ಜಿಯ ಪಹಣಿಯನ್ನೊಮ್ಮೆ ಓದಿ ನೋಡಲಿ. ಹೆಸರು ಯಾರದಿದೆ ಎಂದು ತಿಳಿದರೆ ಅರ್ಧ ಕೆಲಸ ಮುಗಿದಂತೆ.