ಹೊಸ್ತಿಲಲ್ಲಿ ತುಕ್ಕು, ತಲೆಯಲ್ಲಿ ಟರ್ಬೊ

ಹಳೆಯ ಸ್ಪೋರ್ಟ್ಸ್ ಕಾರು ಕೊಂಡೆ ಎಂದರೆ ಸಾಕು, ‘ಅದಕ್ಕೆ ಏನೇನು ಹಾಕಿಸ್ತೀಯ?’ ಎಂದು ಎಲ್ಲರೂ ಕೇಳುತ್ತಾರೆ. ‘ಅದರಲ್ಲಿ ಏನೇನು ಹೋಗಿದೆ?’ ಎಂದು ಕೇಳಿದವರನ್ನು ನಾನಂತೂ ಕಂಡಿಲ್ಲ. ಒಹಾಯೊದ ನಮ್ಮ ಮನೆಯ ಗ್ಯಾರೇಜಿಗೆ 1990ರ ಮಾಡೆಲ್ಲಿನ ಕೆಂಪು ಮಾಜ್ದಾ ಮಿಯಾಟಾ ಬಂದ ದಿನ ನಾನೂ ಆ ಮೊದಲ ಗುಂಪಿನಲ್ಲೇ ಇದ್ದೆ. ಟರ್ಬೊ ಕಿಟ್‌ಗಳ ಬೆಲೆ ಬರೆದುಕೊಂಡ ಚೀಟಿ ಜೇಬಿನಲ್ಲೇ ಇತ್ತು. ಆಮೇಲಿನ ಎರಡು ಚಳಿಗಾಲ ನಾನು ಮಾಡಿದ್ದು ಮಾತ್ರ ರಬ್ಬರು ಬದಲಿಸುವ ಕೆಲಸ, ತೂತು ಶುಚಿ ಮಾಡುವ ಕೆಲಸ. ಆ ಚೀಟಿ ಎಲ್ಲಿ ಹೋಯಿತೋ ಗೊತ್ತಿಲ್ಲ.

ಈ ಕಾರಿನ ಬಗ್ಗೆ ಮೊದಲ ತಪ್ಪು ಕಲ್ಪನೆ ಅದರ ಹುಟ್ಟಿನದು. ಇದು ಅಪ್ಪಟ ಜಪಾನಿ ಕಲ್ಪನೆಯ ಕೂಸು ಎಂದು ಬಹಳ ಜನ ನಂಬಿದ್ದಾರೆ. ಕಟ್ಟಿದ್ದೇನೋ ಹಿರೋಷಿಮಾದಲ್ಲಿ. ಆದರೆ ‘ಹಿಂದಿನ ಬ್ರಿಟಿಷ್ ಕಾರುಗಳ ಹಾಗೆ ಹಗುರವಾದ, ತೆರೆದ ಛಾವಣಿಯ, ಎರಡು ಸೀಟಿನ ಕಾರು ಮಾಡಿ’ ಎಂದು 1979ರಲ್ಲಿ ಮಾಜ್ದಾದ ಕೆನಿಚಿ ಯಮಾಮೊಟೊ ಅವರ ತಲೆಗೆ ಹುಳ ಬಿಟ್ಟವರು ಬಾಬ್ ಹಾಲ್ ಎಂಬ ಅಮೆರಿಕನ್ ಮೋಟಾರು ಪತ್ರಕರ್ತ. ಹತ್ತು ವರ್ಷ ಬಿಟ್ಟು, 1989ರ ಫೆಬ್ರವರಿಯಲ್ಲಿ, ಷಿಕಾಗೊ ಆಟೊ ಷೋನಲ್ಲಿ ಕಾರು ಜನರ ಮುಂದೆ ಬಂತು. ಜಪಾನಿನಲ್ಲಿ ಯೂನೋಸ್ ರೋಡ್‌ಸ್ಟರ್, ಯುರೋಪಿನಲ್ಲಿ ಎಂಎಕ್ಸ್-5, ಅಮೆರಿಕದಲ್ಲಿ ಮಿಯಾಟಾ. ಮೂರು ಹೆಸರು, ಕಾರು ಒಂದೇ. ಇದೇ ವಂಶದ ಹತ್ತು ಲಕ್ಷದ ಕಾರು 2016ರ ಏಪ್ರಿಲ್‌ನಲ್ಲಿ ಕಾರ್ಖಾನೆಯಿಂದ ಹೊರಬಂತು. ಎರಡು ಸೀಟಿನ ಸ್ಪೋರ್ಟ್ಸ್ ಕಾರುಗಳಲ್ಲಿ ಇಷ್ಟು ಮಾರಾಟವಾದದ್ದು ಬೇರೆ ಇಲ್ಲ. ಹಾಗಾಗಿ ‘ಹಳೇ ಜಪಾನಿ ಗಾಡಿ, ಸ್ಪೇರ್ ಎಲ್ಲಿ ಸಿಗುತ್ತೆ?’ ಎಂಬ ಚಿಂತೆಗೆ ಈ ಕಾರಿನ ಮಟ್ಟಿಗೆ ಅರ್ಥವಿಲ್ಲ. ಸಿಗದಿದ್ದರೆ ಅದು ಸಿಗದ ಪಾರ್ಟಲ್ಲ, ನಾವು ಸರಿಯಾಗಿ ಹುಡುಕದ ಪಾರ್ಟು.

‘ಕಡಿಮೆ ಓಡಿದೆ, ಗಾಡಿ ಗಟ್ಟಿಮುಟ್ಟಾಗಿದೆ’

ಮಾರುವವರ ಅಚ್ಚುಮೆಚ್ಚಿನ ಮಾತಿದು. ಮನೆಯ ಮುಂದೆ ನಿಂತ ಎತ್ತಿನ ಗಾಡಿಯ ಅಚ್ಚು ಸವೆಯುವುದಿಲ್ಲ, ನಿಜ. ಆದರೆ ಕಾರಿನಲ್ಲಿ ಅರ್ಧ ಭಾಗ ರಬ್ಬರು, ಇನ್ನರ್ಧ ದ್ರವ. ಬ್ರೇಕ್ ಆಯಿಲ್ ಗಾಳಿಯಲ್ಲಿನ ತೇವವನ್ನು ಹೀರಿಕೊಳ್ಳುತ್ತದೆ. ನೀರು ಸೇರಿದ ಆಯಿಲ್ ಬೇಗ ಕುದಿಯುತ್ತದೆ, ಒಳಗಿನಿಂದ ಸಿಲಿಂಡರನ್ನೂ ತಿನ್ನುತ್ತದೆ. ಕೂಲೆಂಟ್ ಹೋಸ್ ಗಡುಸಾಗುತ್ತದೆ. ಬುಷ್‌ಗಳು ಒಣಗಿ ಸೀಳು ಬಿಡುತ್ತವೆ. ಟೈರಂತೂ ನಿಂತಲ್ಲೇ ಮುದಿಯಾಗುತ್ತದೆ. ಟೈರಿನ ಪಕ್ಕದಲ್ಲಿ ನಾಲ್ಕಂಕಿಯ ಗುರುತು ಇರುತ್ತದೆ. 2309 ಎಂದಿದ್ದರೆ 2009ನೇ ಇಸವಿಯ 23ನೇ ವಾರ ತಯಾರಾದದ್ದು ಎಂದು ಲೆಕ್ಕ. ನನ್ನ ಕಾರಿನ ಟೈರುಗಳ ಗೀರುಗಳು ಹೊಸದರಂತೆ ಆಳವಾಗಿದ್ದವು, ತಾರೀಖು ನೋಡಿದರೆ ಹೈಸ್ಕೂಲು ಮುಗಿಸುವ ವಯಸ್ಸು. ಮಳೆಯಲ್ಲಿ ಒಂದು ತಿರುವಿನಲ್ಲಿ ಹಿಂಭಾಗ ಮೆಲ್ಲಗೆ ನನಗಿಂತ ಮುಂದೆ ಬರಲು ನೋಡಿತು. ಅವತ್ತೇ ನಾಲ್ಕೂ ತೆಗೆಸಿ ಹಾಕಿದೆ.

‘ಪೇಂಟು ಕನ್ನಡಿಯ ಹಾಗಿದೆ, ತುಕ್ಕು ಎಲ್ಲಿಂದ ಬರಬೇಕು?’

ಒಳಗಿಂದ ಬರುತ್ತದೆ. ಈ ಒಂದು ಮಾತಿಗೆ ಸ್ವಲ್ಪ ಹೆಚ್ಚು ಜಾಗ ಕೊಡುತ್ತೇನೆ. ಈ ಕಾರುಗಳು ಎಂಜಿನ್ ಕೆಟ್ಟು ಗುಜರಿಗೆ ಹೋಗುವುದಕ್ಕಿಂತ ತುಕ್ಕು ತಿಂದು ಹೋಗುವುದೇ ಹೆಚ್ಚು.

ಮಡಚುವ ಛಾವಣಿಯ ಮೇಲೆ ಬಿದ್ದ ಮಳೆನೀರು ಸೀಟುಗಳ ಹಿಂದೆ ಇರುವ ಒಂದು ದೋಣಿಯಂಥ ಪಟ್ಟಿಗೆ ಇಳಿಯುತ್ತದೆ. ಹೆಂಚಿನ ಮನೆಯ ಅಂಚಿಗೆ ಕಟ್ಟುವ ತಗಡಿನ ದೋಣಿಯನ್ನು ನೆನೆಸಿಕೊಂಡರೆ ಸಾಕು, ಕೆಲಸ ಥೇಟ್ ಅದೇ. ಅಲ್ಲಿಂದ ನೀರು ಎಡಬಲದ ಎರಡು ತೂತುಗಳ ಮೂಲಕ ಬಾಡಿಯೊಳಗೆ ಇಳಿದು, ಹಿಂದಿನ ಚಕ್ರದ ಮುಂದೆ ನೆಲಕ್ಕೆ ಬೀಳಬೇಕು. ಮರದ ಕೆಳಗೆ ನಿಲ್ಲಿಸಿದ ಕಾರಿನಲ್ಲಿ ಎಲೆ, ಧೂಳು, ಪೈನ್ ಮರದ ಸೂಜಿಗಳು ಸೇರಿ ಆ ತೂತು ಕಟ್ಟಿಕೊಳ್ಳುತ್ತದೆ. ನೀರು ದೋಣಿಯಿಂದ ಉಕ್ಕಿ ಕಾರ್ಪೆಟ್ಟಿನಡಿಗೆ ಹೋಗುತ್ತದೆ, ಇಲ್ಲವೇ ಬಾಗಿಲ ಕೆಳಗಿನ ಟೊಳ್ಳು ಉಕ್ಕಿನ ಹೊಸ್ತಿಲೊಳಗೆ ಸೇರುತ್ತದೆ. ಹೊಸ್ತಿಲಿನ ತಳದಲ್ಲಿ ನೀರು ಹೋಗಲು ಬಿಟ್ಟ ಸಂದುಗಳೂ ಕೆಸರಿನಿಂದ ಮುಚ್ಚಿದ್ದರೆ ಮುಗಿಯಿತು, ಅದು ನೀರು ತುಂಬಿಟ್ಟ ಡಬ್ಬಿ. ನಮ್ಮ ಕಡೆ ಚಳಿಗಾಲದಲ್ಲಿ ಹಿಮ ಕರಗಿಸಲು ರಸ್ತೆಗೆ ಉಪ್ಪು ಸುರಿಯುತ್ತಾರೆ. ಉಪ್ಪುನೀರು, ಉಕ್ಕು, ಕತ್ತಲೆ. ಹೊರಗೆ ಹಿಂದಿನ ಚಕ್ರದ ಮುಂದೆ ಪೇಂಟಿನಲ್ಲಿ ಸಾಸಿವೆಯಷ್ಟು ಗುಳ್ಳೆ ಏಳುವ ಹೊತ್ತಿಗೆ ಒಳಗೆ ಹಪ್ಪಳ ಆಗಿರುತ್ತದೆ.

ಕಾರು ನೋಡಲು ಹೋಗುವಾಗ ಫ್ರಿಜ್ಜಿಗೆ ಅಂಟಿಸುವ ಒಂದು ಸಣ್ಣ ಆಯಸ್ಕಾಂತ ಒಯ್ಯಿರಿ. ಹೊಸ್ತಿಲಿನ ಹಿಂತುದಿಯಲ್ಲಿ ಅದು ಕಚ್ಚದೆ ಜಾರಿದರೆ ಪೇಂಟಿನ ಕೆಳಗೆ ಇರುವುದು ಉಕ್ಕಲ್ಲ, ಪುಟ್ಟಿ. ಇನ್ನೊಂದು ಪರೀಕ್ಷೆಗೆ ಒಂದು ಚೊಂಬು ನೀರು ಸಾಕು. ಸೀಟಿನ ಹಿಂದಿನ ತೂತಿಗೆ ಮೆಲ್ಲಗೆ ಹೊಯ್ದು ಕೆಳಗೆ ಬಗ್ಗಿ ನೋಡಿ. ನನ್ನ ಕಾರಿನ ಎಡಗಡೆ ನೀರು ಕೆಳಗೆ ಬಂತು. ಬಲಗಡೆ ಬರಲೇ ಇಲ್ಲ, ಹಾಕಿದ ನೀರು ಅಲ್ಲೇ ನಿಂತು ನನ್ನ ಮುಖ ನೋಡಿತು.

ಇದರ ಜೊತೆಯ ಇನ್ನೊಂದು ನಂಬಿಕೆ, ತುಕ್ಕಿನ ಮೇಲೆ ದಪ್ಪಗೆ ಟಾರಿನಂಥ ಕೋಟಿಂಗ್ ಬಳಿದರೆ ಅದು ನಿಲ್ಲುತ್ತದೆ ಎಂಬುದು. ತದ್ವಿರುದ್ಧ. ಬಳಿದ ಪದರದ ಹಿಂದೆ ತೇವ ಸಿಕ್ಕಿಕೊಂಡು ತುಕ್ಕು ಆರಾಮಾಗಿ ಬೆಳೆಯುತ್ತದೆ, ನಮಗೆ ಕಾಣುವುದೂ ಇಲ್ಲ. ಒಳ್ಳೆಯ ಉಕ್ಕು ಸಿಗುವವರೆಗೆ ಕತ್ತರಿಸಿ, ಹೊಸ ತಗಡು ವೆಲ್ಡ್ ಮಾಡಿ, ಪ್ರೈಮರ್ ಹೊಡೆದು, ಟೊಳ್ಳಿನೊಳಗೆ ಮೇಣದಂಥ ದ್ರವ ಸಿಂಪಡಿಸುವುದೇ ದಾರಿ. ವೆಲ್ಡಿಂಗ್ ನನಗೆ ಬರುವುದಿಲ್ಲ, ಅದಕ್ಕೆ ಒಬ್ಬರ ಹತ್ತಿರ ಹೋದೆ. ಮನೆಯಲ್ಲೇ ಎಲ್ಲವನ್ನೂ ಮಾಡಬೇಕು ಎಂಬ ಹಟವೂ ಒಂದು ತಪ್ಪು ಕಲ್ಪನೆಯೇ.

‘ಜಪಾನಿ ಎಂಜಿನ್ನಿಗೆ ಸಾವಿಲ್ಲ’

ಈ 1.6 ಲೀಟರಿನ ಎಂಜಿನ್ ಬಹಳ ಗಟ್ಟಿ, ಒಪ್ಪಿದೆ. ಆದರೆ 1990ರ ಮತ್ತು 1991ರ ಮೊದಮೊದಲಿನ ಕಾರುಗಳಿಗೆ ಒಂದು ಹುಟ್ಟುದೋಷವಿದೆ. ಅವುಗಳ ಕ್ರ್ಯಾಂಕ್‌ನ ಮೂಗು ಗಿಡ್ಡ. ಎಂಜಿನ್ನಿನ ಮುಂತುದಿಯಲ್ಲಿ ಕ್ರ್ಯಾಂಕ್‌ಗೆ ಪುಲ್ಲಿ ಕೂರುವ ಭಾಗವೇ ಆ ಮೂಗು. ಅಲ್ಲಿ ಹಿಡಿತದ ಜಾಗ ಕಡಿಮೆ. ನಡುವಿನ ದೊಡ್ಡ ಬೋಲ್ಟನ್ನು ಸರಿಯಾದ ಅಳತೆಗೆ ಬಿಗಿಯದಿದ್ದರೆ ಪುಲ್ಲಿಯನ್ನು ಹಿಡಿದಿಡುವ ಪುಟ್ಟ ಲೋಹದ ಕೀ ಅಲುಗಾಡಿ ತಾನು ಕೂತ ತೋಡನ್ನೇ ಅಗಲ ಮಾಡಿಕೊಳ್ಳುತ್ತದೆ. ಪುಲ್ಲಿ ಓಲಾಡುತ್ತದೆ, ಟೈಮಿಂಗ್ ತಪ್ಪುತ್ತದೆ, ಪಿಕಪ್ ಹೋಗುತ್ತದೆ. ಕೊನೆಗೆ ಕ್ರ್ಯಾಂಕೇ ಹೋಗುತ್ತದೆ. ಗುರುತಿಸುವುದು ಸುಲಭ. ಪುಲ್ಲಿಯ ನಡುಭಾಗದಲ್ಲಿ ನಾಲ್ಕು ಸೀಳು ಇದ್ದರೆ ಗಿಡ್ಡ ಮೂಗು, ಎಂಟು ಇದ್ದರೆ 1991ರ ನಡುವೆ ಬಂದ ಸುಧಾರಿಸಿದ ಮೂಗು.

ನನ್ನದು ನಾಲ್ಕು. ಹಿಂದಿನ ಮಾಲೀಕರು ‘ಟೈಮಿಂಗ್ ಬೆಲ್ಟ್ ಹೊಸದು, ನೋಡಿ ಬಿಲ್ಲು’ ಎಂದು ತೋರಿಸಿದಾಗ ನಾನು ಖುಷಿಯಾಗಿದ್ದೆ. ಬೆಲ್ಟ್ ಬದಲಿಸಲು ಆ ಬೋಲ್ಟನ್ನು ತೆಗೆಯಲೇಬೇಕು ಎಂಬುದು ಆಗ ಹೊಳೆಯಲಿಲ್ಲ. ಯಾವುದೋ ಗ್ಯಾರೇಜಿನಲ್ಲಿ ಅದನ್ನು ಅಂದಾಜಿನ ಮೇಲೆ ಬಿಗಿದಿದ್ದರು. ಬಾನೆಟ್ ಎತ್ತಿ, ಎಂಜಿನ್ ಚಾಲೂ ಮಾಡಿ, ಪುಲ್ಲಿಯನ್ನೇ ದಿಟ್ಟಿಸಿದಾಗ ಅದು ಕುಡಿದವನ ಹಾಗೆ ಒಂದಿಷ್ಟೇ ತೂರಾಡುತ್ತಿತ್ತು. ಅದೃಷ್ಟಕ್ಕೆ ಕೀ ಮಾತ್ರ ಸವೆದಿತ್ತು. ಹೊಸ ಕೀ, ಹೊಸ ಬೋಲ್ಟ್ ಹಾಕಿ, ಟಾರ್ಕ್ ರೆಂಚಿನಿಂದ ಅಳೆದು ಬಿಗಿದ ಮೇಲೆ ಓಲಾಟ ನಿಂತಿತು. ನಾನು ಈ ಕಾರಿಗಾಗಿ ಕೊಂಡ ಸಾಮಾನುಗಳಲ್ಲಿ ಆ ರೆಂಚೇ ಅತಿ ಮುಖ್ಯವಾದದ್ದು.

ಬೆಲ್ಟಿನ ಬಗ್ಗೆಯೇ ಇನ್ನೊಂದು ಹೆದರಿಕೆ ಉಂಟು. ತುಂಡಾದರೆ ವಾಲ್ವು ಪಿಸ್ಟನ್ನಿಗೆ ಬಡಿದು ಎಂಜಿನ್ ಚೂರಾಗುತ್ತದೆ ಎಂಬುದು. ಎಷ್ಟೋ ಎಂಜಿನ್ನುಗಳಲ್ಲಿ ಅದು ನಿಜ, ಇದರಲ್ಲಿ ಅಲ್ಲ. ಇದರಲ್ಲಿ ವಾಲ್ವು ಪೂರ್ತಿ ತೆರೆದಿದ್ದರೂ ಪಿಸ್ಟನ್ನಿಗೆ ತಗುಲದಷ್ಟು ಜಾಗ ಬಿಟ್ಟಿದ್ದಾರೆ. ಬೆಲ್ಟ್ ಹೋದರೆ ರಸ್ತೆ ಬದಿಯಲ್ಲಿ ನಿಲ್ಲುತ್ತೀರಿ, ಅಷ್ಟೇ. ಹಾಗೆಂದು ಕಂಪನಿ ಹೇಳಿದ 60,000 ಮೈಲಿ, ಅಂದರೆ ಸುಮಾರು 96,000 ಕಿಲೋಮೀಟರ್ ದಾಟಿಸಬೇಡಿ.

ಬೆಳಿಗ್ಗೆ ಚಾಲೂ ಮಾಡಿದಾಗ ಹೊಲಿಗೆ ಮೆಷಿನ್ನಿನಂತೆ ಟಿಕ್ ಟಿಕ್ ಎನ್ನುವುದೂ ಸಾವಿನ ಗಂಟೆಯಲ್ಲ. ವಾಲ್ವುಗಳ ಸಂದನ್ನು ಆಯಿಲಿನ ಒತ್ತಡದಿಂದ ತುಂಬುವ ಪುಟ್ಟ ಬಟ್ಟಲುಗಳಿವೆ. ಆಯಿಲ್ ಹಳೆಯದಾದರೆ, ಕೊಳೆಯಾದರೆ ಅವು ಹೀಗೆ ದೂರು ಹೇಳುತ್ತವೆ. ಸದ್ದು ಮುಚ್ಚಲೆಂದು ಇನ್ನೂ ದಪ್ಪ ಆಯಿಲ್ ಹಾಕುವವರಿದ್ದಾರೆ. ಚಳಿಯಲ್ಲಿ ಅದು ಆ ಬಟ್ಟಲುಗಳನ್ನು ತಲುಪುವುದೇ ತಡವಾಗುತ್ತದೆ. ಕೈಪಿಡಿಯಲ್ಲಿ ಹೇಳಿದ ದರ್ಜೆಯ ಹೊಸ ಆಯಿಲ್ ಸಾಕು. ಆಮೇಲೂ ನಿಲ್ಲದಿದ್ದರೆ ಬಿಚ್ಚಿ ತೊಳೆಯಬೇಕು.

‘116 ಕುದುರೆ ಯಾವ ಮೂಲೆಗೆ? ಮೊದಲು ಟರ್ಬೊ’

ಕಾರಿನ ತೂಕ ಒಂದು ಟನ್ನಿಗಿಂತ ಕಡಿಮೆ. ನೂರು ಕಿಲೋಮೀಟರ್ ವೇಗಕ್ಕೆ ಸುಮಾರು ಒಂಬತ್ತು ಸೆಕೆಂಡು. ಇಂದಿನ ಸಾಧಾರಣ ಫ್ಯಾಮಿಲಿ ಕಾರುಗಳೇ ಇದನ್ನು ಹಿಂದೆ ಹಾಕುತ್ತವೆ, ಸುಳ್ಳೇಕೆ ಹೇಳಲಿ. ಆದರೆ ಇದನ್ನು ಕಟ್ಟಿದವರ ಗುರಿ ವೇಗವಾಗಿರಲಿಲ್ಲ. ಅವರ ಮಂತ್ರ ‘ಜಿಂಬಾ ಇತ್ತಾಯ್’, ಸವಾರ ಮತ್ತು ಕುದುರೆ ಒಂದೇ ಜೀವ ಎಂಬರ್ಥದ ಜಪಾನಿ ಮಾತು. ಅದಕ್ಕೇ ನಾಲ್ಕು ಚಕ್ರಕ್ಕೂ ಡಬಲ್ ವಿಷ್‌ಬೋನ್ ಸಸ್ಪೆನ್ಷನ್, ಅದಕ್ಕೇ ಗೇರ್ ಬಾಕ್ಸಿನಿಂದ ಹಿಂದಿನ ಡಿಫರೆನ್ಷಿಯಲ್‌ವರೆಗೆ ಒಂದೇ ಅಲ್ಯೂಮಿನಿಯಂ ಚೌಕಟ್ಟು. ಟರ್ಬೊ ಹಾಕಬಾರದೆಂದಲ್ಲ. ಆದರೆ 1.6 ಕಾರಿನ ಡಿಫರೆನ್ಷಿಯಲ್ ಚಿಕ್ಕದು. ಶಕ್ತಿ ಹೆಚ್ಚಿಸಿದವರು ಅದು ಮುರಿದ ಮೇಲೆ 1994ರ ನಂತರದ 1.8 ಕಾರಿನ ದೊಡ್ಡದನ್ನು ಹುಡುಕಿಕೊಂಡು ಹೋಗುವುದು ಮಾಮೂಲು. ಆಮೇಲೆ ಕ್ಲಚ್, ಆಮೇಲೆ ರೇಡಿಯೇಟರ್. ಒಂದು ಸುಳ್ಳಿಗೆ ನೂರು ಸುಳ್ಳು ಎನ್ನುತ್ತಾರಲ್ಲ, ಹಾಗೆ.

ಬಾನೆಟ್ಟಿನೊಳಗೆ ತೆರೆದ ಏರ್ ಫಿಲ್ಟರ್ ಸಿಕ್ಕಿಸಿದರೆ ಅದು ಹೀರುವುದು ಎಂಜಿನ್ನಿನ ಸುತ್ತಲ ಬಿಸಿಗಾಳಿ. ದಪ್ಪ ಸೈಲೆನ್ಸರಿನಿಂದ ಸಿಗುವುದು ಬಹುಪಾಲು ಸದ್ದು. ಸದ್ದು ಹೆಚ್ಚಾದಾಗ ವೇಗ ಹೆಚ್ಚಾದಂತೆ ಕಿವಿ ನಂಬುತ್ತದೆ. ಮಾಜ್ದಾದವರು ಈ ಕಾರಿನ ಸೈಲೆನ್ಸರಿನ ದನಿಯನ್ನು ಕೂತು ಹದ ಮಾಡಿದ್ದರು. ಅದನ್ನು ಬಿಸಾಕಿ ಡಬ್ಬದ ಸದ್ದು ಕೊಳ್ಳುವುದು ನನಗಂತೂ ಅರ್ಥವಾಗುವುದಿಲ್ಲ.

‘ನೆಲಕ್ಕೆ ಹತ್ತಿರವಾದಷ್ಟೂ ಹಿಡಿತ’

ಒಂದು ಮಿತಿಯವರೆಗೆ. ಈ ಕಾರಿನ ಸಸ್ಪೆನ್ಷನ್ ಕುಣಿಯಲು ಇರುವ ಜಾಗವೇ ಕಡಿಮೆ. ಗಿಡ್ಡ ಸ್ಪ್ರಿಂಗ್ ಹಾಕಿ ಎರಡು ಇಂಚು ಇಳಿಸಿದರೆ ಶಾಕ್ ಅಬ್ಸಾರ್ಬರಿನ ದಂಡದ ರಬ್ಬರಿನ ತಡೆಯ ಮೇಲೆಯೇ ಕಾರು ಕೂರುತ್ತದೆ. ಆಗ ಸಣ್ಣ ಹಳ್ಳಕ್ಕೂ ಚಕ್ರ ನೆಲ ಬಿಟ್ಟು ಹಾರುತ್ತದೆ. ನೆಲ ಮುಟ್ಟದ ಟೈರಿಗೆ ಎಲ್ಲಿಯ ಹಿಡಿತ? ಒಳ್ಳೆಯ ಶಾಕ್, ಹೊಸ ಬುಷ್, ಸರಿಯಾದ ಅಲೈನ್‌ಮೆಂಟ್ ಇಷ್ಟಾದರೆ ಕಾರು ಬೇರೆಯೇ ಆಗುತ್ತದೆ. ಮೂವತ್ತು ವರ್ಷದ ತುಕ್ಕಿಗೆ ಅಲೈನ್‌ಮೆಂಟಿನ ಬೋಲ್ಟುಗಳು ಕಚ್ಚಿಕೊಂಡಿರುತ್ತವೆ. ನನ್ನ ಒಂದು ಶನಿವಾರ, ಒಂದು ಭಾನುವಾರ ಒಂದೇ ಬೋಲ್ಟಿಗೆ ಹೋಯಿತು. ಇನ್ನೊಂದು ಮಾತು: ಕಾರಿನಡಿ ಮಲಗುವಾಗ ಬರೀ ಜಾಕನ್ನು ನಂಬಬೇಡಿ, ಎರಡೂ ಕಡೆ ಸ್ಟ್ಯಾಂಡ್ ಕೊಡಿ.

ದೊಡ್ಡ ಬ್ರೇಕ್ ಹಾಕಿದರೆ ಬೇಗ ನಿಲ್ಲುತ್ತದೆ ಎಂಬುದೂ ಇದೇ ಜಾತಿಯ ನಂಬಿಕೆ. ಹಳೆಯ ಬ್ರೇಕೇ ಚಕ್ರವನ್ನು ಲಾಕ್ ಮಾಡಬಲ್ಲದು ಎಂದಾದರೆ ಎಷ್ಟು ದೂರದಲ್ಲಿ ನಿಲ್ಲುತ್ತೀರಿ ಎಂಬುದನ್ನು ಟೈರು ಹೇಳುತ್ತದೆ. ದೊಡ್ಡ ಡಿಸ್ಕ್ ಬೇಕಾಗುವುದು ಘಾಟಿ ಇಳಿಯುವಾಗಲೋ ರೇಸ್ ಟ್ರ್ಯಾಕಿನಲ್ಲೋ ಮತ್ತೆ ಮತ್ತೆ ಬ್ರೇಕ್ ಹಾಕಿ ಬಿಸಿ ಏರುವಾಗ.

ಕೊನೆಗೆ ದುಡ್ಡಿನ ವಿಷಯ. ಮನೆಯಲ್ಲಿ ದುರಸ್ತಿ ಮಾಡಿ ಮಾರಿದರೆ ಲಾಭ ಎಂದುಕೊಂಡವರು ರಸೀದಿಗಳನ್ನು ಒಂದು ಡಬ್ಬಿಗೆ ಹಾಕುತ್ತಾ ಹೋಗಲಿ. ನನ್ನ ಡಬ್ಬಿ ತುಂಬಿ ಎರಡನೆಯದು ಶುರುವಾದ ಮೇಲೆ ಕೂಡುವುದನ್ನು ಬಿಟ್ಟೆ. ಏನನ್ನೇ ಬದಲಿಸಿದರೂ ತೆಗೆದ ಪಾರ್ಟನ್ನು ಮಾತ್ರ ಎಸೆಯಬೇಡಿ. 2017ರಲ್ಲಿ ಮಾಜ್ದಾ ಕಂಪನಿಯೇ ಜಪಾನಿನಲ್ಲಿ ಈ ಮೊದಲ ತಲೆಮಾರಿನ ಕಾರುಗಳನ್ನು ಹೊಸದರಂತೆ ಮಾಡಿಕೊಡುವ ಯೋಜನೆ ಪ್ರಕಟಿಸಿತು. ಛಾವಣಿ, ನಾರ್ಡಿ ಸ್ಟಿಯರಿಂಗ್, ಗೇರಿನ ಗುಂಡು, ಕೊನೆಗೆ ಅಂದಿನ 14 ಇಂಚಿನ ಬ್ರಿಡ್ಜ್‌ಸ್ಟೋನ್ ಟೈರನ್ನೂ ಮತ್ತೆ ತಯಾರು ಮಾಡಿಸಿತು. ಹಿಂದಿನ ಮಾಲೀಕರು ಕಿತ್ತೆಸೆದ ಮೂಲ ಸಾಮಾನಿಗೆ ಈಗ ಬೆಲೆ ಬಂದಿದೆ.

ದಾವಣಗೆರೆಯಲ್ಲಿರುವ ನನ್ನ ಭಾವನಿಗೆ ಬೇರೆಯೇ ನಂಬಿಕೆ ಇತ್ತು. ‘ನಿನಗೆ ಬೇಸರ ಆದಾಗ ಹಡಗಿಗೆ ಹಾಕಿ ಕಳಿಸಿಬಿಡಪ್ಪಾ, ಇಲ್ಲಿ ಟರ್ಬೊ ನಾನು ಹಾಕಿಸ್ತೀನಿ’ ಎಂದರು. ಮೂರು ವರ್ಷಕ್ಕಿಂತ ಹಳೆಯ, ಬಳಸಿದ ಕಾರನ್ನು ಸಾಮಾನ್ಯವಾಗಿ ಭಾರತಕ್ಕೆ ತರಲು ಬಿಡುವುದಿಲ್ಲ, ಇದರ ಸ್ಟಿಯರಿಂಗ್ ಬೇರೆ ಎಡಗಡೆ ಇದೆ ಎಂದೆ. ತಯಾರಕರು ಕೊಟ್ಟ ವಿನ್ಯಾಸವನ್ನು ಮನಸ್ಸಿಗೆ ಬಂದಂತೆ ಬದಲಿಸುವಂತಿಲ್ಲ ಎಂದು ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಹೇಳುತ್ತದೆ, 2019ರಲ್ಲಿ ಸುಪ್ರೀಂ ಕೋರ್ಟೂ ಅದನ್ನೇ ಎತ್ತಿಹಿಡಿದಿದೆ ಎಂದೂ ಹೇಳಿದೆ. ಭಾವ ಒಂದು ಗಳಿಗೆ ಸುಮ್ಮನಿದ್ದು, ‘ಹಾಗಾದ್ರೆ ನಾನೇ ಬರ್ತೀನಿ, ಛಾವಣಿ ಇಳಿಸಿಟ್ಟಿರು’ ಎಂದರು.

ಈಗ ಬೇಡ ಭಾವ, ಹಿಮ ಕರಗಿ ಎರಡು ಮಳೆ ಬಿದ್ದು ರಸ್ತೆಯ ಉಪ್ಪೆಲ್ಲ ತೊಳೆದುಹೋಗಲಿ, ಏಪ್ರಿಲ್ ಕೊನೆಗೆ ಬನ್ನಿ ಎಂದಿದ್ದೇನೆ.