ನಿಮಗಿದು ಗೊತ್ತೇ? ಕೈ ಬದಲಾದ ರೈಫಲಿನ ಕಾಯಿಲೆಗಳು

ಕುದುರೆ ಎಳೆದಿರಿ, ‘ಟಕ್’ ಎಂದಿತು, ಗುಂಡು ಹಾರಲಿಲ್ಲ. ಆಗ ಮಾಡಬೇಕಾದ ಮೊದಲ ಕೆಲಸ ಏನೂ ಮಾಡದೆ ನಿಲ್ಲುವುದು! ನಳಿಗೆಯ ಬಾಯಿ ಗುರಿಯ ಕಡೆಗೇ ಇರಲಿ. ಕನಿಷ್ಠ 30 ಸೆಕೆಂಡು, ನಳಿಗೆಯ ಹಿಂಬದಿ ಮುಚ್ಚುವ ಬೋಲ್ಟಿಗೆ ಕೈ ಹಾಕಬಾರದು. ತೋಟಾದ ಬುಡದ ಪ್ರೈಮರ್ ಮಂದವಾಗಿ ಹೊತ್ತಿಕೊಂಡು ಮದ್ದಿಗೆ ತಡವಾಗಿ ಬೆಂಕಿ ಮುಟ್ಟಿಸುವುದುಂಟು. ಹ್ಯಾಂಗ್‌ಫೈರ್ ಎಂದರೆ ಇದೇ. ತೋಟಾ ಸಿಡಿಯುವ ಹೊತ್ತಿಗೆ ಬೋಲ್ಟ್ ತೆರೆದಿದ್ದರೆ ಹಿತ್ತಾಳೆಯ ಚೂರು ಮುಖಕ್ಕೆ ಬಡಿಯುತ್ತದೆ.

ಆಮೇಲೆ ತೋಟಾ ಹೊರತೆಗೆದು ಅದರ ಬೆನ್ನು ನೋಡಿ. ಪ್ರೈಮರಿನ ಮೇಲೆ ಫೈರಿಂಗ್ ಪಿನ್ ಆಳವಾಗಿ ಒತ್ತಿದ್ದರೆ ತಪ್ಪು ಬಹುತೇಕ ತೋಟಾದ್ದು. ಗುರುತು ತೆಳುವಾಗಿದ್ದರೆ ರೈಫಲಿನದ್ದು.

ತೆಳು ಗುರುತು ಕಂಡ ಕೂಡಲೇ ಹೊಸ ಸ್ಪ್ರಿಂಗ್ ತರಿಸಲು ಓಡುವವರಿದ್ದಾರೆ. ಎಷ್ಟೋ ಸಲ ಕಳ್ಳ ಬೋಲ್ಟಿನ ಹೊಟ್ಟೆಯೊಳಗೆ ಕೂತಿರುತ್ತಾನೆ: ಹಿಂದಿನ ಒಡೆಯ ವರ್ಷಗಟ್ಟಲೆ ಸುರಿದ ಎಣ್ಣೆ ಅಂಟಾಗಿ, ಫೈರಿಂಗ್ ಪಿನ್ನಿನ ವೇಗವನ್ನು ತಿಂದುಹಾಕಿರುತ್ತದೆ. ಚಳಿಗೆ ಆ ಅಂಟು ಇನ್ನಷ್ಟು ಗಟ್ಟಿಯಾಗುವುದರಿಂದ ಮಧ್ಯಾಹ್ನ ಸರಿಯಾಗಿ ಹೊಡೆದ ರೈಫಲ್ ಮರುದಿನ ನಸುಕಿನಲ್ಲಿ ಕೈಕೊಡಬಹುದು. ಬೋಲ್ಟ್ ಬಿಚ್ಚಿ, ಒಳಭಾಗವನ್ನು ತೊಳೆದು, ಒಣಗಿಸಿದರೆ ಅರ್ಧ ರೋಗ ವಾಸಿ. ಬೋಲ್ಟಿನ ಬೀಗದ ಹಲ್ಲುಗಳ ಹಿಂಬದಿಗೆ ಚೂರು ಗ್ರೀಸ್ ಬೇಕು. ಫೈರಿಂಗ್ ಪಿನ್ನಿಗೆ ಬೇಡ. ಜನ ಮಾಡುವುದು ತಿರುಗಾಮುರುಗಾ.

ಪಿನ್ನಿನ ಕಾಟ ಬೋಲ್ಟ್ ರೈಫಲಿನಷ್ಟೇ ಹಳೆಯದು. 1841ರಲ್ಲಿ ಪ್ರಷ್ಯಾ ಒಪ್ಪಿಕೊಂಡ ಡ್ರೈಸೆ ಬಂದೂಕಿನ ಉದ್ದನೆಯ ಸೂಜಿ ಮದ್ದನ್ನೆಲ್ಲ ತೂರಿಕೊಂಡು ಹೋಗಿ ಗುಂಡಿನ ಬುಡದಲ್ಲಿದ್ದ ಪ್ರೈಮರಿಗೆ ಚುಚ್ಚಬೇಕಿತ್ತು. ಹಾಗಾಗಿ ಸೂಜಿ ಸುಟ್ಟು ಸವೆದು ಮುರಿಯುತ್ತಿತ್ತು. ಸೈನಿಕರು ಬಿಡಿ ಸೂಜಿ ಜೊತೆಗೇ ಇಟ್ಟುಕೊಂಡಿರುತ್ತಿದ್ದರು. ಅದೇ ಬಂದೂಕು ಹಿಡಿದು 1866ರಲ್ಲಿ ಕೋನಿಗ್‌ಗ್ರೇಟ್ಸ್‌ನಲ್ಲಿ ಆಸ್ಟ್ರಿಯಾವನ್ನು ಸೋಲಿಸಿದರು ಅನ್ನುವುದು ಬೇರೆ ಮಾತು.

ಬೋಲ್ಟ್ ಮುಚ್ಚುವಾಗ ಕೊನೆಯ ಒಂದಂಗುಲ ಬಿಗಿಯಾಗಿ ತಳ್ಳಬೇಕಾಗುತ್ತದೆಯೇ? ಲೀ-ಎನ್‌ಫೀಲ್ಡ್ ಆದರೆ ಅದು ದೋಷವಲ್ಲ, ಅದರ ಹುಟ್ಟುಗುಣ. ಅದು ಮುಚ್ಚುವಾಗ ಸ್ಪ್ರಿಂಗನ್ನು ಬಿಗಿಮಾಡುತ್ತದೆ. 1898ರ ಮೌಸರ್ ತೆರೆಯುವಾಗ ಬಿಗಿಮಾಡುತ್ತದೆ. ಒಂದಕ್ಕೆ ಒಗ್ಗಿದ ಕೈಗೆ ಇನ್ನೊಂದು ಕೆಟ್ಟುಹೋದಂತೆ ಕಾಣುತ್ತದೆ.

ನಮ್ಮ ದೇಶದ .315 ಸ್ಪೋರ್ಟಿಂಗ್ ರೈಫಲ್ ನೋಡಿದ್ದೀರಾ? ಸರ್ಕಾರಿ ಆರ್ಡ್‌ನೆನ್ಸ್ ಕಾರ್ಖಾನೆಗಳು ತಯಾರಿಸಿದ ಅದರ ಮೈಕಟ್ಟು ಲೀ-ಎನ್‌ಫೀಲ್ಡಿನದ್ದೇ. ಸೇನೆಯ .303 ತೋಟಾ ನಾಗರಿಕರ ಕೈಗೆ ಸಿಗಬಾರದೆಂದು ಬ್ರಿಟಿಷರ ಕಾಲದಲ್ಲೇ ನಿಷೇಧವಿದ್ದುದರಿಂದ ಈ ಬೇರೆ ಅಳತೆ ಹುಟ್ಟಿಕೊಂಡಿತು.

ಇದೇ ಬಗೆಯ ಭಯದಿಂದ 1907ರಲ್ಲಿ ಭಾರತದಲ್ಲಿ .450 ಅಳತೆಗೂ ನಿಷೇಧ ಬಿತ್ತು. ಲಂಡನ್ನಿನ ಬಂದೂಕು ತಯಾರಕರು ಸುಮ್ಮನೆ ಕೂರಲಿಲ್ಲ. ಕೂದಲೆಳೆ ಹೆಚ್ಚಿಸಿ .465, .470 ಅಂತ ಹೊಸ ತೋಟಾಗಳನ್ನೇ ಮಾರುಕಟ್ಟೆಗೆ ಬಿಟ್ಟರು. ಆಫ್ರಿಕಾದ ಆನೆ ಬೇಟೆಗೆ ಹೆಸರಾದ .470 ಹುಟ್ಟಿದ್ದರ ಹಿಂದೆ ಕಲ್ಕತ್ತೆಯ ಒಂದು ಸರ್ಕಾರಿ ಕಾಗದವಿದೆ!

.315 ಮತ್ತು .303 ರೈಫಲುಗಳಲ್ಲಿ ಗುಂಡು ಒಳಹೋಗದೆ ಸಿಕ್ಕಿಕೊಂಡರೆ ಕಾರ್ಖಾನೆಯನ್ನು ಬೈಯುವ ಮುನ್ನ ಮ್ಯಾಗಜೀನ್ ಬಿಚ್ಚಿ ನೋಡಿ. ಈ ತೋಟಾಗಳ ಬುಡಕ್ಕೆ ಹೊರಚಾಚಿದ ಅಂಚಿದೆ. ಮೇಲಿನ ತೋಟಾದ ಅಂಚು ಕೆಳಗಿನದರ ಮುಂದೆ ಕೂರಬೇಕು. ಹಿಂದೆ ಕೂತರೆ ಮುಂದಕ್ಕೆ ತಳ್ಳಿದಾಗ ಕೆಳಗಿನದನ್ನೂ ಎಳೆದುಕೊಂಡು ಬಂದು ಎರಡೂ ಜಾಮ್.

ಎಲ್ಲಕ್ಕಿಂತ ಅಪಾಯದ ಕಾಯಿಲೆ ಕಣ್ಣಿಗೆ ಕಾಣದ್ದು. ಬೋಲ್ಟಿನ ಮುಖಕ್ಕೂ ಚೇಂಬರಿನಲ್ಲಿ ತೋಟಾ ತಡೆದು ನಿಲ್ಲುವ ಜಾಗಕ್ಕೂ ನಡುವಿನ ಅಂತರವನ್ನು ಹೆಡ್‌ಸ್ಪೇಸ್ ಎನ್ನುತ್ತಾರೆ. .308 ವಿಂಚೆಸ್ಟರ್ ರೈಫಲಿಗೆ ‘ಗೋ’ ಗೇಜ್ 1.630 ಅಂಗುಲ, ಬೋಲ್ಟ್ ಅದರ ಮೇಲೆ ಮುಚ್ಚಿಕೊಳ್ಳಬೇಕು. ‘ನೋ-ಗೋ’ 1.634 ಅಂಗುಲ, ಅದರ ಮೇಲೆ ಮುಚ್ಚಿಕೊಳ್ಳಬಾರದು. ಎರಡರ ನಡುವೆ ಇರುವುದು ಒಂದು ಹಾಳೆ ಕಾಗದದ ದಪ್ಪ. ಈ ಅಂತರ ಹಿಗ್ಗಿದರೆ ಹಿತ್ತಾಳೆ ಕೇಸು ಹಿಂದಕ್ಕೆ ಹಿಗ್ಗಿ ಬುಡದ ಬಳಿ ಹರಿಯುತ್ತದೆ. ಸಾವಿರಾರು ಪೌಂಡ್ ಒತ್ತಡದ ಅನಿಲ ಹೊಡೆಯುವವನ ಕಡೆಗೇ ನುಗ್ಗುತ್ತದೆ.

ಖಾಲಿ ಕೇಸು ಮೊದಲೇ ಸುಳಿವು ಕೊಡುತ್ತದೆ. ಬುಡಕ್ಕಿಂತ ಸ್ವಲ್ಪ ಮೇಲೆ ಹೊಳೆಯುವ ಉಂಗುರ ಕಂಡರೆ ಎಚ್ಚರ. ತುದಿ ಬಗ್ಗಿಸಿದ ಸಣ್ಣ ತಂತಿಯನ್ನು ಕೇಸಿನೊಳಗೆ ಬಿಟ್ಟು ಗೋಡೆಯುದ್ದಕ್ಕೂ ಸವರಿ. ಆ ಜಾಗದಲ್ಲಿ ತಂತಿ ತಗ್ಗಿಗೆ ಸಿಕ್ಕಿದರೆ ಲೋಹ ಒಳಗಿಂದ ಸವೆದಿದೆ ಎಂದೇ ಅರ್ಥ. ಕಾಗದದ ಕ್ಲಿಪ್ಪಿನ ತಂತಿಯೇ ಸಾಕು, ದುಬಾರಿ ಉಪಕರಣವೇನೂ ಬೇಡ.

ಬಾಗಿಲು ಸಡಿಲವಾದ ಕೋವಿಯ ಅತಿ ಪ್ರಸಿದ್ಧ ಕತೆ ನಮ್ಮ ದೇಶದ್ದೇ. 1907, ಕುಮಾವೂನಿನ ಚಂಪಾವತ್. ನರಭಕ್ಷಕ ಹೆಣ್ಣುಹುಲಿ ಗಾಯಗೊಂಡು ಬಂಡೆಯ ಮೇಲೆ ನಿಂತಿದೆ. ಜಿಮ್ ಕಾರ್ಬೆಟ್ ಬಳಿ ತೋಟಾ ಮುಗಿದಿದೆ. ಓಡಿಹೋಗಿ ತಹಸೀಲ್ದಾರರ ಕೈಯಲ್ಲಿದ್ದ ಜೋಡುನಳಿಗೆ ಕೋವಿ ಕಸಿದು ತಂದರು. ಎತ್ತಿ ಹಿಡಿದರೆ ನಳಿಗೆಗೂ ಹಿಂಬದಿಯ ಗೋಡೆಗೂ ನಡುವೆ ಕಣ್ಣಿಗೆ ಕಾಣುವಷ್ಟು ಸಂದು! ಆದರೂ ಹೊಡೆದರು. ಗುರಿಯಿಟ್ಟದ್ದು ಹುಲಿಯ ತೆರೆದ ಬಾಯಿಗೆ, ಗುಂಡು ತಗುಲಿದ್ದು ಮುಂಗಾಲಿನ ಪಾದಕ್ಕೆ. ಹುಲಿ ಹಿಂದಿನ ಗಾಯಗಳಿಂದಲೇ ಸೋತಿದ್ದರಿಂದ ಕುಸಿಯಿತು, ಕಾರ್ಬೆಟ್ ಬದುಕಿದರು. 436 ಜನರನ್ನು ಕೊಂದದ್ದೆಂದು ಹೆಸರಾದ ಆ ಹುಲಿ ನರಭಕ್ಷಕಿಯಾದದ್ದೂ ಗುಂಡಿನಿಂದಲೇ. ಯಾರೋ ಹಿಂದೆ ಹೊಡೆದ ಈಡಿಗೆ ಅದರ ಬಲಬದಿಯ ಕೋರೆಹಲ್ಲುಗಳು ಮುರಿದಿದ್ದವು.

ಆ ಬೇಟೆಗೆ ಮೆಚ್ಚುಗೆಯಾಗಿ ಕಾರ್ಬೆಟ್ಟರಿಗೆ ಸಿಕ್ಕಿದ್ದು .275 ರಿಗ್ಬಿ ರೈಫಲ್. ಹೆಸರು ಲಂಡನ್ನಿನದು, ಬೋಲ್ಟ್ ಜರ್ಮನಿಯ ಮೌಸರ್. ತೋಟಾ ಕೂಡ ಜರ್ಮನಿಯ 7×57 ಮೌಸರೇ; ಇಂಗ್ಲಿಷರು ಹೆಸರು ಮಾತ್ರ ಬದಲಿಸಿಕೊಂಡಿದ್ದರು.

ಕಾರ್ಬೆಟ್ ನೆನಪಾದರೆ ಬೆಂಗಳೂರಿನ ಕೆನೆತ್ ಆ್ಯಂಡರ್ಸನ್ ಬಾರದೆ ಇರುತ್ತಾರೆಯೇ? ತೇಜಸ್ವಿಯವರು ಕನ್ನಡಕ್ಕೆ ತಂದ ‘ಕಾಡಿನ ಕತೆಗಳು’ ಓದಿದವರಿಗೆ ಆ್ಯಂಡರ್ಸನ್ನರ .405 ವಿಂಚೆಸ್ಟರ್ ಪರಿಚಯವಿರುತ್ತದೆ. ಅದು ಬೋಲ್ಟ್ ರೈಫಲ್ ಅಲ್ಲವೇ ಅಲ್ಲ, ಕುದುರೆಯ ಸುತ್ತಲಿನ ಕಬ್ಬಿಣದ ಬಳೆಯನ್ನು ಕೆಳಕ್ಕೆ ಎಳೆದು ಗುಂಡು ತುಂಬುವ ಲಿವರ್ ರೈಫಲ್.

ಸೆಕೆಂಡ್ ಹ್ಯಾಂಡ್ ರೈಫಲ್ ಕೈಗೆ ಬಂದಾಗ ಬೋಲ್ಟಿನ ಮೇಲಿನ ಸಂಖ್ಯೆ ಮೈಮೇಲಿನ ಸಂಖ್ಯೆಗೆ ಹೊಂದುತ್ತದೆಯೇ ನೋಡಿ. ಹೊಂದದಿದ್ದರೆ ಬೋಲ್ಟ್ ಬೇರೆ ರೈಫಲಿನದು. ಗೇಜ್ ಹಾಕಿಸದೆ ಒಂದು ಗುಂಡೂ ಹೊಡೆಯಬೇಡಿ. ಲೀ-ಎನ್‌ಫೀಲ್ಡ್ ನಂಬರ್ 4 ತಯಾರಿಸಿದವರು ಮಾತ್ರ ಜಾಣರು. ಬೋಲ್ಟಿನ ತಲೆಯನ್ನೇ ತಿರುಗಿಸಿ ಬಿಚ್ಚುವಂತೆ ಮಾಡಿ, 0ರಿಂದ 3ರವರೆಗೆ ನಂಬರು ಹಾಕಿ, ಒಂದಕ್ಕಿಂತ ಒಂದು ತುಸು ಉದ್ದವಿರುವ ತಲೆಗಳನ್ನು ಕೊಟ್ಟರು. ಸವೆದಂತೆಲ್ಲ ಮುಂದಿನ ನಂಬರು ಹಾಕಿದರಾಯಿತು.

ಬಿಸಿಲಿನ ದಿನ ತಯಾರಾಯಿತೆಂದು ರೈಫಲ್ ಒಡೆಯಬಹುದೇ? ಅಮೆರಿಕದ 1903ರ ಸ್ಪ್ರಿಂಗ್‌ಫೀಲ್ಡ್ ವಿಷಯದಲ್ಲಿ ಹೌದು ಎನ್ನಬೇಕು! ಕುಲುಮೆಯ ಕೆಲಸಗಾರರು ಉಕ್ಕಿನ ಶಾಖವನ್ನು ಅದರ ಬಣ್ಣ ನೋಡಿಯೇ ಅಳೆಯುತ್ತಿದ್ದರು. ಪ್ರಖರ ಬಿಸಿಲಿದ್ದಾಗ ಕಾದ ಉಕ್ಕು ಮಂಕಾಗಿ ಕಾಣುತ್ತಿದ್ದರಿಂದ ಇನ್ನಷ್ಟು ಕಾಯಿಸುತ್ತಿದ್ದರು. ಶಾಖಮಾಪಕ ತಂದು ನೋಡಿದಾಗ ವ್ಯತ್ಯಾಸ 300 ಡಿಗ್ರಿ ಫ್ಯಾರನ್‌ಹೀಟ್‌ವರೆಗೂ ಇತ್ತು. ಹಾಗೆ ಸುಟ್ಟ ಉಕ್ಕು ಗಾಜಿನಂತೆ ಪೆಡಸಾಗುತ್ತದೆ. 1917ರಲ್ಲಿ ಕೆಲವು ರೈಫಲುಗಳು ಒಡೆದ ಮೇಲೆ ಗುಟ್ಟು ಬಯಲಾಯಿತು. ಇಂದಿಗೂ ಸ್ಪ್ರಿಂಗ್‌ಫೀಲ್ಡ್ ಕಾರ್ಖಾನೆಯ 8,00,000ಕ್ಕಿಂತ ಕೆಳಗಿನ, ರಾಕ್ ಐಲ್ಯಾಂಡ್ ಕಾರ್ಖಾನೆಯ 2,85,507ಕ್ಕಿಂತ ಕೆಳಗಿನ ಸಂಖ್ಯೆಯವನ್ನು ಗೋಡೆಗೆ ತೂಗುಹಾಕಿ, ಹೊಡೆಯಬೇಡಿ ಎನ್ನುತ್ತಾರೆ.

ಕೆನಡಾದ ರಾಸ್ ರೈಫಲಿನ ಬೋಲ್ಟನ್ನು ಬಿಚ್ಚಿ ತಪ್ಪಾಗಿ ಜೋಡಿಸಿದರೂ ಅದು ಒಳಕ್ಕೆ ಹೋಗಿ ಮುಚ್ಚಿದಂತೆ ಕಾಣುತ್ತಿತ್ತು, ಗುಂಡೂ ಹಾರುತ್ತಿತ್ತು. ಬೀಗ ಮಾತ್ರ ಬಿದ್ದಿರುತ್ತಿರಲಿಲ್ಲ; ಬೋಲ್ಟ್ ಹಾರಿ ಹಿಂದಕ್ಕೆ ಬರುತ್ತಿತ್ತು. 1915ರಲ್ಲಿ ಯೀಪ್ರ್ ಕದನದ ಕೆಸರಿನಲ್ಲಿ ಇದೇ ರೈಫಲ್ ಸಿಕ್ಕಿಕೊಂಡು, ಸೈನಿಕರು ಬೋಲ್ಟನ್ನು ಒದ್ದು ತೆರೆಯುವ ಸ್ಥಿತಿ ಬಂತು. ಮರುವರ್ಷ ಅದನ್ನು ಕೈಬಿಟ್ಟು ಲೀ-ಎನ್‌ಫೀಲ್ಡ್ ಕೊಟ್ಟರು.

ರಷ್ಯಾದ ಮೋಸಿನ್-ನಾಗಾಂತ್ ಕೊಂಡವರ ಸಾಮಾನ್ಯ ದೂರು: ಮೊದಲ ನಾಲ್ಕೈದು ಗುಂಡು ಸಲೀಸು, ಆಮೇಲೆ ಬೋಲ್ಟ್ ಎತ್ತಲು ಸುತ್ತಿಗೆ ಬೇಕು. ದಾಸ್ತಾನಿನಲ್ಲಿದ್ದಾಗ ತುಕ್ಕು ಹಿಡಿಯದಿರಲೆಂದು ಬಳಿದ ಮೇಣದಂಥ ಗ್ರೀಸು ಚೇಂಬರಿನ ಗೋಡೆಗೆ ಅಂಟಿಕೊಂಡಿರುತ್ತದೆ. ನಳಿಗೆ ಕಾದಾಗ ಕರಗಿ ಕೇಸನ್ನು ಹಿಡಿದುಕೊಳ್ಳುತ್ತದೆ. ಚೇಂಬರ್ ಉಜ್ಜುವ ಬ್ರಷ್ಷಿನಿಂದ ಮುಗಿಯುವ ಕೆಲಸ.

ಎಣ್ಣೆಯಿಂದ ತಿಕ್ಕಿ ತಿಕ್ಕಿ ಇಟ್ಟರೂ ಕೆಲವು ನಳಿಗೆಗಳು ತುಕ್ಕು ಹಿಡಿಯುತ್ತವೆ. ಕಾರಣ ಉಪ್ಪು! ಹಳೆಯ ಸೇನಾ ತೋಟಾಗಳ ಪ್ರೈಮರ್ ಸುಟ್ಟ ಮೇಲೆ ಪೊಟ್ಯಾಸಿಯಂ ಕ್ಲೋರೈಡ್ ಉಳಿಯುತ್ತದೆ. ಅದು ಗಾಳಿಯ ತೇವ ಹೀರಿ ಉಕ್ಕನ್ನು ತಿನ್ನುತ್ತದೆ. ಉಪ್ಪು ಎಣ್ಣೆಯಲ್ಲಿ ಕರಗುವುದಿಲ್ಲ, ನೀರಿನಲ್ಲಿ ಕರಗುತ್ತದೆ. ಬ್ರಿಟಿಷ್ ಸೈನಿಕರು ನಳಿಗೆಗೆ ಆಲಿಕೆಯಿಟ್ಟು ಕುದಿನೀರು ಸುರಿಯುತ್ತಿದ್ದುದು ಅದಕ್ಕೇ. ಒಣಗಿಸಿ ಎಣ್ಣೆ ಹಚ್ಚುವುದು ಆಮೇಲಿನ ಮಾತು.

ಕೊಡಗಿನಲ್ಲಿ ಕಕ್ಕಡ ತಿಂಗಳ ನಾಟಿ ಕೆಲಸದ ಹೊತ್ತಿಗೆ ಆಯುಧಗಳು ದೇವರ ಕೋಣೆಯಾದ ಕನ್ನಿಕೋಂಬರೆ ಸೇರಿ, ಸೆಪ್ಟೆಂಬರ್ 3ರ ಸುಮಾರಿಗೆ ಬರುವ ಆಯುಧಪೂಜೆಯ ಹಬ್ಬ ಕೈಲ್‌ಪೊಳ್ದ್ ದಿನ ತೋಕ್‌ಪೂ ಎಂಬ ಹೂ ಮುಡಿಸಿಕೊಂಡು ಪೂಜೆಗೆ ಹೊರಬರುತ್ತವೆ. ಬೆನ್ನಿಗೇ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ. ಮಳೆಗಾಲವೆಲ್ಲ ಮೂಲೆಯಲ್ಲಿದ್ದ ಯಾವ ಕೋವಿಯಾದರೂ ಸರಿ, ಮೊದಲು ಬೋಲ್ಟ್ ತೆಗೆದು ನಳಿಗೆಯೊಳಗೆ ಬೆಳಕು ಕಾಣುತ್ತದೆಯೇ ನೋಡಬೇಕು. ಕುಂಬಾರ ಹುಳಕ್ಕೆ ಯಾವ ತೂತಾದರೂ ಮನೆಯೇ. ಒಣಗಿದ ಮಣ್ಣಿನ ಗೂಡು ಅಡ್ಡವಿದ್ದರೆ ನಳಿಗೆ ಸೀಳುತ್ತದೆ.

ಪರವಾನಗಿಯಿಲ್ಲದೆ ಕೋವಿ ಇಟ್ಟುಕೊಳ್ಳುವ ಕೊಡವರ ಹಾಗೂ ಜಮ್ಮಾ ಹಿಡುವಳಿದಾರರ ವಿನಾಯಿತಿ ಬ್ರಿಟಿಷರ ಕಾಲದ್ದು. 2019ರಲ್ಲಿ ಕೇಂದ್ರ ಅದನ್ನು 2029ರವರೆಗೆ ಮುಂದುವರಿಸಿತು. ಆದರೆ ಶಿಕಾರಿಗೆ 1972ರ ವನ್ಯಜೀವಿ ಕಾಯ್ದೆಯಿಂದ ಅವರಿಗೂ ವಿನಾಯಿತಿ ಇಲ್ಲ.

ಮಳೆಗಾಲದಲ್ಲಿ ಗುರಿ ತಪ್ಪುತ್ತಿದೆಯೇ? ಮರದ ಸ್ಟಾಕ್ ತೇವ ಕುಡಿದು ಉಬ್ಬಿ ನಳಿಗೆಯನ್ನು ಒಂದು ಬದಿಯಿಂದ ಒತ್ತುತ್ತಿರಬಹುದು. ನಳಿಗೆ ಮರಕ್ಕೆ ತಾಗದಂತೆ ಕೂರಿಸಿದ ರೈಫಲಾದರೆ ಎರಡರ ನಡುವೆ ಕಾಗದದ ಪಟ್ಟಿ ತೂರಿಸಿ ಹಿಂದಕ್ಕೆ ಎಳೆಯಿರಿ. ಸಿಕ್ಕಿಕೊಂಡ ಕಡೆಯೇ ರೋಗದ ಜಾಗ. ಅದಕ್ಕೂ ಮೊದಲು ಸ್ಕೋಪಿನ ಸ್ಕ್ರೂ, ಸ್ಟಾಕಿನ ಸ್ಕ್ರೂ ಬಿಗಿಯಾಗಿವೆಯೇ ನೋಡಿ. ಸಡಿಲ ಸ್ಕ್ರೂವಿನ ತಪ್ಪಿಗೆ ಹೊಸ ನಳಿಗೆ ಹಾಕಿಸಿದವರಿದ್ದಾರೆ.

ಸೇಫ್ಟಿ ತೆಗೆದ ಕೂಡಲೇ, ಕುದುರೆ ಮುಟ್ಟದೆಯೇ ಗುಂಡು ಹಾರಿದರೆ? ರೆಮಿಂಗ್ಟನ್ 700 ರೈಫಲಿನ ಮೇಲೆ ದಶಕಗಳ ಕಾಲ ಕೇಳಿಬಂದ ಆರೋಪವೇ ಇದು. 1962ರಲ್ಲಿ ಬಂದ ಈ ರೈಫಲಿನ ಟ್ರಿಗರಿನಲ್ಲಿ ‘ಕನೆಕ್ಟರ್’ ಎಂಬ ಬಿಡಿ ತಗಡಿತ್ತು. ಅದರ ಹಿಂದೆ ಕೊಳೆ ಕೂತರೆ ಅದು ತನ್ನ ಜಾಗಕ್ಕೆ ಮರಳುವುದಿಲ್ಲ ಎಂಬುದು ದೂರು. ಇನ್ನೊಂದು ವಿಷಯ: 1982ಕ್ಕೆ ಮುಂಚಿನವುಗಳಲ್ಲಿ ಸೇಫ್ಟಿ ಹಾಕಿದರೆ ಬೋಲ್ಟಿಗೂ ಬೀಗ. ಗುಂಡು ಹೊರತೆಗೆಯಬೇಕೆಂದರೆ ಸೇಫ್ಟಿ ತೆಗೆಯಲೇಬೇಕು! 2000ದಲ್ಲಿ ಮೊಂಟಾನಾದಲ್ಲಿ ತಾಯಿಯೊಬ್ಬಳು ರೈಫಲ್ ಖಾಲಿ ಮಾಡಲು ಸೇಫ್ಟಿ ತೆಗೆದಾಗ ಹಾರಿದ ಗುಂಡಿಗೆ ಒಂಬತ್ತು ವರ್ಷದ ಮಗ ಬಲಿಯಾದ. ವಿನ್ಯಾಸ ಸುರಕ್ಷಿತ ಎಂದೇ ಕಂಪನಿ ವಾದಿಸಿತು. ಕೊನೆಗೆ ನ್ಯಾಯಾಲಯದ ರಾಜಿಯಲ್ಲಿ ಸುಮಾರು 75 ಲಕ್ಷ ಬಂದೂಕುಗಳ ವಿಷಯ ಬಂದು, ಲಕ್ಷಾಂತರ ಮಂದಿಗೆ ಉಚಿತವಾಗಿ ಟ್ರಿಗರ್ ಬದಲಿಸುವ ಅವಕಾಶ ಸಿಕ್ಕಿತು.

ಅದೇ ಕಂಪನಿ 2014ರಲ್ಲಿ ಹೊಸ ಮಾದರಿಯ ಟ್ರಿಗರನ್ನೂ ಹಿಂದಕ್ಕೆ ಕರೆಸಿತು. ಕಾರಣ ಜೋಡಿಸುವಾಗ ಹೆಚ್ಚಾಗಿ ಬಿದ್ದ ಅಂಟು.

ಖಾಲಿ ರೈಫಲಿನಲ್ಲಿ ನೀವೇ ಮಾಡಬಹುದಾದ ಪರೀಕ್ಷೆ: ಚೇಂಬರ್ ಖಾಲಿಯೇ ಎಂದು ಕಣ್ಣಿನಿಂದಲೂ ಬೆರಳಿನಿಂದಲೂ ಖಚಿತಪಡಿಸಿಕೊಳ್ಳಿ. ಬೋಲ್ಟ್ ಮುಚ್ಚಿ, ಸೇಫ್ಟಿ ಹಾಕಿ, ಕುದುರೆ ಎಳೆದು ಬಿಡಿ. ಈಗ ಕುದುರೆ ಮುಟ್ಟದೆ ಸೇಫ್ಟಿ ತೆಗೆಯಿರಿ. ‘ಟಕ್’ ಎಂದರೆ ಆ ರೈಫಲ್ ನೇರ ಪರವಾನಗಿ ಇರುವ ಬಂದೂಕು ರಿಪೇರಿಯವನ ಬಳಿಗೆ ಹೋಗಬೇಕು. ಹಿಂದಿನ ಒಡೆಯ ಕುದುರೆ ಹಗುರವಾಗಲೆಂದು ಸ್ಕ್ರೂ ತಿರುಗಿಸಿ ಆಟವಾಡಿದ್ದರೂ ಹೀಗಾಗುತ್ತದೆ. ನಮ್ಮ ಕಾನೂನಿನಲ್ಲಿ ಬಂದೂಕು ಮಾರಾಟದಂತೆ ಅದರ ರಿಪೇರಿ ವ್ಯಾಪಾರಕ್ಕೂ ಪರವಾನಗಿ ಬೇಕು.

1964ರಲ್ಲಿ ವಿಂಚೆಸ್ಟರ್ ಕಂಪನಿ ಖರ್ಚು ಉಳಿಸಲು ತನ್ನ ಮಾಡೆಲ್ 70ರಿಂದ ಕೇಸನ್ನು ಹಿಡಿದು ಹೊರಗೆಳೆಯುವ, ಮೌಸರ್ ಮಾದರಿಯ ಉದ್ದನೆಯ ಕೊಕ್ಕೆ ಎಕ್ಸ್‌ಟ್ರ್ಯಾಕ್ಟರ್ ಕಿತ್ತುಹಾಕಿತು. ಫಲ? ಹಳೆಯದರ ಬೆಲೆ ಏರಿತು! ಆದರೆ ಆ ಕೊಕ್ಕೆಗೂ ಒಂದು ವ್ರತವಿದೆ: ತೋಟಾ ಮ್ಯಾಗಜೀನಿನಿಂದಲೇ ಬರಬೇಕು. ಕೈಯಿಂದ ನೇರ ಚೇಂಬರಿಗೆ ಹಾಕಿ ಬೋಲ್ಟ್ ತಳ್ಳಿದರೆ ಕೊಕ್ಕೆ ಅಂಚಿನ ಮೇಲೆ ಹತ್ತದೆ ಮುರಿಯುವುದೂ ಉಂಟು.



ಹಳೆಯ ಜರ್ಮನ್ 8 ಮಿ.ಮೀ. ರೈಫಲುಗಳಲ್ಲಿ ಎರಡು ಬಗೆ. ಒಂದರ ಗುಂಡು .318 ಅಂಗುಲ, 1905ರಿಂದೀಚೆಗಿನದ್ದರದು .323. ತೋಟಾಗಳು ನೋಡಲು ಅವಳಿ. ದಪ್ಪನೆಯದು ಸಣ್ಣ ನಳಿಗೆಗೆ ಹೋದರೆ ಒತ್ತಡ ಮಿತಿಮೀರುತ್ತದೆ.

ಇಷ್ಟೇ ವ್ಯತ್ಯಾಸಕ್ಕೆ ಹೆದರುವವರು ಇದನ್ನು ಕೇಳಿ. 1950ರ ದಶಕದ ಅಮೆರಿಕದಲ್ಲಿ ಒಬ್ಬ ಜಪಾನಿನ 6.5 ಮಿ.ಮೀ. ಅರಿಸಾಕ ರೈಫಲಿನ ಚೇಂಬರನ್ನು ಕೊರೆಸಿ .30-06 ತೋಟಾ ಹಿಡಿಯುವಂತೆ ಮಾಡಿಸಿಕೊಂಡ. ಚೇಂಬರ್ ದೊಡ್ಡದಾಯಿತು, ನಳಿಗೆಯ ತೂತು ಹಳೆಯದೇ ಉಳಿಯಿತು. .308 ಅಂಗುಲದ ಗುಂಡು .264ರ ಸಂದಿಯಲ್ಲಿ ಹಿಂಡಿಕೊಂಡು ಹೊರಬರಬೇಕು! ಆತ ಅದರಿಂದ ಜಿಂಕೆಯನ್ನೂ ಹೊಡೆದ. ರೈಫಲ್ ಒಡೆಯಲಿಲ್ಲ. ಕೊನೆಗೆ ಪರೀಕ್ಷೆಗೆಂದು ತಂದುಕೊಟ್ಟಾಗ ಅವನ ದೂರು ಒಂದೇ: ಒದೆತ ಸ್ವಲ್ಪ ಜಾಸ್ತಿ.